ಮ್ಯಾಗ್ನೆಟ್ ಚಕ್ರನ ಹಳಿಯಿಂದ ಹಳಿಗೆ ದಾಟಿಸಿದ್ದು: ನನ್ನ ಅನುಭವ

ಕಡೆಗೂ ಆಯ್ತು. ವೀ-ಲೋ ಅಂತೀವಲ್ಲ, ಕೈಲಿ ಹಿಡಿಯೋ ತಂತಿ ಫ್ರೇಮಿನ ಹಳಿ ಮೇಲೆ ಮ್ಯಾಗ್ನೆಟ್ ಚಕ್ರ ಓಡೋ ಆಟಿಕೆ, ಅದರದ್ದೇ ವಿಷಯ. ಎಂಟು ತಿಂಗಳು, ಏಳು ಫ್ರೇಮು, ನಾಲ್ಕು ಚಕ್ರ, ಒಂದು ಒಡೆದ ಕನ್ನಡಿ, ಇಷ್ಟೆಲ್ಲ ಆದ್ಮೇಲೆ ಬಲಗೈ ಫ್ರೇಮಲ್ಲಿ ತಿರುಗ್ತಾ ಇರೋ ಚಕ್ರನ ಎಡಗೈ ಫ್ರೇಮಿಗೆ ದಾಟಿಸ್ತಿದೀನಿ, ಗಾಳಿಗೆ ಬಿಡದೇ, ಸ್ಪೀಡೂ ಹೆಚ್ಚು ಕಳ್ಕೊಳ್ಳದೇ. ಹತ್ತಕ್ಕೆ ಏಳು ಸಲ ಬರುತ್ತೆ. ಎಸೆದು ಹಿಡಿಯೋದಲ್ಲ ಇದು, ಅದು ಬೇರೆ, ಅದನ್ನ ಎಷ್ಟೋ ಜನ ಮಾಡ್ತಾರೆ. ಎರಡೂ ಫ್ರೇಮಿನ ಹಳಿ ಒಟ್ಟಿಗೆ ಆಕ್ಸಲ್, ಅಂದ್ರೆ ಚಕ್ರದ ನಡುವಿನ ಕಡ್ಡಿ, ಮುಟ್ಟಿರೋವಾಗ್ಲೇ ಚಕ್ರ ಮನೆ ಬದಲಾಯಿಸ್ಬೇಕು, ಅದು ನಾನು ಹೇಳ್ತಿರೋದು.

ಯಾವ ಆಟಿಕೆ ಅಂತ ನಿಮಗೆ ಬಿಡಿಸಿ ಹೇಳೋದು ಬೇಡ. ಒಂದು ಫ್ರೇಮಿಗೆ ಎರಡು ತಂತಿ ಹಳಿ, ಮ್ಯಾಗ್ನೆಟ್ ಆಕ್ಸಲ್ ಇರೋ ಚಕ್ರ, ಕೈ ಓರೆ ಮಾಡಿದ್ರೆ ಉರುಳುತ್ತೆ, ತುದಿಗೆ ಹೋಗಿ ಹೊರಳಿ ಹಳಿ ಕೆಳಗಡೆಯಿಂದ ನೇತಾಡ್ಕೊಂಡು ವಾಪಸ್ ಬರುತ್ತೆ. 1953ರಿಂದ ವೀ-ಲೋ ಅನ್ನೋ ಹೆಸರಲ್ಲಿ ಬಂದಿದ್ದು ಇದೇ. ಎಪ್ಪತ್ತು ವರ್ಷದ ಹಳೇ ಸಾಮಾನು, ಮಕ್ಕಳಾಟ ಅಂತಾರೆ ಎಲ್ರೂ, ಸರಿ, ಹಾಗಾದ್ರೆ ಮಾಡಿ ತೋರಿಸಿ ಅಂತೀನಿ ನಾನು.

ಈ ಆಟಿಕೆ ಆಡೋ ನಮ್ಮ ಬಳಗದಲ್ಲಿ ಒಬ್ಬರು ಹಿರಿಯರಿದ್ದಾರೆ, ನಾವೆಲ್ಲ ಮೇಷ್ಟ್ರು ಅಂತೀವಿ, ಚಕ್ರನ ನೆಲಕ್ಕೆ ಬಿಟ್ಟು ಓಡೋವಾಗ್ಲೇ ಮತ್ತೆ ಎತ್ಕೊಳ್ಳೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ನಾನು ಮೊದಲ ಸಲ ಈ ದಾಟಿಸೋ ವಿಷಯ ಎತ್ತಿದಾಗ ಅವರು ಹೇಳಿದ್ದು, "ನೋಡಪ್ಪ, ಹಿಡಿಯೋ ಕೈ ಕಂಬದ ಹಾಗೆ ನಿಂತಿರ್ಬೇಕು. ಕೊಡೋ ಕೈ ಮಾತ್ರ ಆಡ್ಬೇಕು. ಎರಡೂ ಆಡಿಸಿದ್ರೆ ನೊಣ ಓಡಿಸಿದಂಗೆ ಕಾಣುತ್ತೆ ಅಷ್ಟೆ." ಮೇಷ್ಟ್ರ ಮಾತು ಅಂತ ಮೂರು ತಿಂಗಳು ಕಂಬದ ಹಾಗೇ ಹಿಡ್ದೆ. ಪ್ರತಿ ಸಲನೂ ಎರಡರಲ್ಲಿ ಒಂದು ಗ್ಯಾರಂಟಿ. ಒಂದೋ ಕೀಚ್ ಅಂತ ಉಜ್ಜಿ ಅಲ್ಲೇ ಸತ್ತುಹೋಗೋದು, ಇಲ್ಲಾಂದ್ರೆ ಮಧ್ಯದಿಂದ ಚಿಮ್ಮಿ ಎಲ್ಲಿಗಾದ್ರೂ ಹಾರೋದು. ಕನ್ನಡಿ ಹೋಗಿದ್ದು ಆಗ್ಲೇ. ಚಕ್ರಕ್ಕೆ ಏನೂ ಆಗ್ಲಿಲ್ಲ, ಅದು ಕನ್ನಡಿ ಚೂರುಗಳ ಮಧ್ಯ ಇನ್ನೂ ತಿರುಗ್ತಾ ನಿಂತಿತ್ತು.

ಮೊದಲು ತಪ್ಪು ಫ್ರೇಮಿಂದು ಅಂದ್ಕೊಂಡೆ. ದುಡ್ಡು ಹಾಳಾಗೋಕೆ ಶುರುವಾಗಿದ್ದು ಅಲ್ಲಿಂದ. ಮೊದಲನೇದಕ್ಕೆ ಜೋಡಿ ಅಂತ ಎರಡನೇದು ತಗೊಂಡೆ, ಅದರ ಹಳಿ ಅಂತರ ಒಂದು ಕೂದಲು ಜಾಸ್ತಿ, ಚಕ್ರ ಅಲ್ಲಾಡೋದು. ಮೂರನೇದು ಚೀಪ್, ತಂತಿ ಮೇಲಿನ ಪಾಲಿಶ್ ಸಿಪ್ಪೆ ಥರ ಎದ್ದು ಬಂತು. ನಾಲ್ಕು ಐದು ಒಟ್ಟಿಗೇ ತರಿಸ್ದೆ, ಒಂದೇ ಬ್ಯಾಚಲ್ಲಿ ಬಂದ್ರೆ ಅಳತೆ ಒಂದೇ ಇರುತ್ತೆ ಅಂತ, ಅದು ಮಾತ್ರ ಸರಿಯಾದ ಯೋಚನೆ, ಈಗಲೂ ಅವೇ ಎರಡನ್ನ ಆಡ್ತಿರೋದು. ಆರು ಏಳು ಯಾಕೆ ತಗೊಂಡೆ ಅಂತ ಕೇಳ್ಬೇಡಿ. ಇದರ ಮೇಲೆ ಸ್ಲೋ ಮೋಷನ್ ವೀಡಿಯೋಗೆ ಅಂತ ಫೋನ್ ಬೇರೆ ಬದಲಾಯಿಸ್ದೆ, ಫೋನ್ ಲೆಕ್ಕ ಹಿಡಿದ್ರೆ ಈ ಮಕ್ಕಳಾಟಿಕೆಗೆ ಒಂದು ಒಳ್ಳೇ ಸೈಕಲ್ಲಿನ ದುಡ್ಡು ಹೋಗಿದೆ. ಮನೇಲಿ ಹೇಳಿರೋ ಲೆಕ್ಕ ಬೇರೆ.

ಆ ಫೋನ್ ಮಾತ್ರ ದಂಡ ಆಗ್ಲಿಲ್ಲ. ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನಲ್ಲಿ ತೆಗೆದು ನೋಡಿದಾಗ ಗೊತ್ತಾಯ್ತು ಎಡವಟ್ಟು ಎಲ್ಲಿ ಅಂತ. ಚಕ್ರ ಬಲಗೈ ಹಳಿ ಕೆಳಗೆ ನೇತಾಡ್ಕೊಂಡು ಎಡಕ್ಕೆ ಬರ್ತಿದೆ ಅಂದ್ಕೊಳ್ಳಿ. ನಾನು ಎಡಗೈ ಹಳಿನ ಕೆಳಗಿಂದ ತಂದು ಆಕ್ಸಲಿಗೆ ಮುಟ್ಟಿಸ್ತೀನಿ. ಚಕ್ರ ತಿರುಗೋ ದಿಕ್ಕು ಒಂದೇ, ಆದ್ರೆ ಮೇಲಿನ ಹಳಿಗೆ ನೇತಾಡೋವಾಗ ಎಡಕ್ಕೆ ಓಡ್ಸೋ ಅದೇ ತಿರುಗು, ಕೆಳಗಿನ ಹಳಿ ಮೇಲೆ ಕೂತ್ರೆ ಬಲಕ್ಕೆ ಓಡ್ಸುತ್ತೆ! ಒಂದು ಆಕ್ಸಲ್, ಎರಡು ಕಡೆ ಎಳೆತ. ಕೈ ಕಂಬದ ಹಾಗಿದ್ರೆ ಎರಡರಲ್ಲಿ ಒಂದು ಹಳಿ ಉಜ್ಜಲೇಬೇಕು, ಬೇರೆ ದಾರಿನೇ ಇಲ್ಲ.

ಹಾಗಾದ್ರೆ? ಅಂಗೈ ಮಧ್ಯ ಹುರಿ ಹೊಸೀತೀವಲ್ಲ, ಹಾಗೆ. ಮೇಲಿನ ಕೈ ಬಲಕ್ಕೆ, ಕೆಳಗಿನ ಕೈ ಎಡಕ್ಕೆ, ಎರಡೂ ಒಂದೇ ವೇಗದಲ್ಲಿ ಹೋದ್ರೆ ಚಕ್ರ ನಡುವೆ ಇದ್ದ ಜಾಗದಲ್ಲೇ ನಿಂತು ತಿರುಗುತ್ತೆ, ಯಾವ ಹಳಿನೂ ಉಜ್ಜಲ್ಲ. ನಂಬಿಕೆ ಬರ್ದಿದ್ರೆ ಎರಡು ಸ್ಕೇಲ್ ಮಧ್ಯ ಒಂದು ಗುಂಡು ಪೆನ್ಸಿಲ್ ಇಟ್ಟು ನೋಡಿ, ಎರಡೂ ಸ್ಕೇಲನ್ನ ಎದುರುಬದುರು ಎಳೀರಿ, ಪೆನ್ಸಿಲ್ ಕದಲಲ್ಲ. ಒಂದೇ ಕೈ ಆಡಿಸ್ತೀನಿ ಅಂದ್ರೂ ಆಗುತ್ತೆ, ಆದ್ರೆ ಆ ಒಂದು ಕೈ ಎರಡರಷ್ಟು ವೇಗ ಹೋಗ್ಬೇಕು, ನನ್ನ ಮಣಿಕಟ್ಟಿಗೆ ಅದು ಆಗ್ಲಿಲ್ಲ, ನಿಮಗೆ ಆದ್ರೆ ಮಾಡ್ಕೊಳ್ಳಿ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಅವರು ಮಾಡೋದು ಎಸೆದು ಹಿಡಿಯೋದು, ಅಲ್ಲಿ ಎರಡು ಹಳಿ ಒಟ್ಟಿಗೆ ಮುಟ್ಟೋದೇ ಇಲ್ಲವಲ್ಲ. ಇದನ್ನ ಹೇಳಕ್ಕೆ ಹೋದ್ರೆ, "ಪೆನ್ಸಿಲಲ್ಲಿ ಆಗಿದ್ದು ಚಕ್ರದಲ್ಲಿ ಆಗಲ್ಲ ಕಣಯ್ಯ" ಅಂದ್ಬಿಟ್ರು.

ಗೊತ್ತಾಯ್ತು ಅಂದ ಮಾತ್ರಕ್ಕೆ ಕೈಗೆ ಬಂತಾ, ಇಲ್ಲ. ಇನ್ನೂ ನಾಲ್ಕು ತಿಂಗಳು ಹಿಡೀತು. ಎಲ್ಲರೂ ಮಾಡೋ ತಪ್ಪೇ ನಾನೂ ಮಾಡ್ದೆ, ಚಕ್ರಕ್ಕೆ ಪೂರ್ತಿ ಸ್ಪೀಡ್ ಕೊಟ್ಟು ಆಮೇಲೆ ಟ್ರಿಕ್ ಶುರು ಮಾಡೋದು. ಸ್ವಲ್ಪ ಲೆಕ್ಕ ನೋಡಿ. ನನ್ನ ಚಕ್ರದ ಆಕ್ಸಲ್ ಹಳಿ ಮುಟ್ಟೋ ಜಾಗದಲ್ಲಿ ಹೆಚ್ಚುಕಡಿಮೆ 3 ಮಿಲಿಮೀಟರ್ ದಪ್ಪ. ಅಂದ್ರೆ ಚಕ್ರ ಹಳಿ ಮೇಲೆ ಒಂದು ಗೇಣು ಹೋಗೋಷ್ಟರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸುತ್ತು ತಿರುಗಿರುತ್ತೆ. ಸೆಕೆಂಡಿಗೆ ಎರಡು ಗೇಣು ಓಡಿಸಿದ್ರೆ ನಿಮಿಷಕ್ಕೆ 2500ರ ಮೇಲೆ ಸುತ್ತು, ಆರೂವರೆ ಸೆಂಟಿಮೀಟರ್ ಚಕ್ರದ ಅಂಚು ಗಂಟೆಗೆ 30 ಕಿಲೋಮೀಟರ್ ದಾಟಿರುತ್ತೆ. ಅಷ್ಟು ವೇಗದಲ್ಲಿ ಎರಡೂ ಕೈ ಸೆಕೆಂಡಿಗೆ ಎರಡೆರಡು ಗೇಣು ಎದುರುಬದುರು ಹೋಗ್ಬೇಕು, ಅದೂ ಅಲ್ಲಾಡದೇ. ಆಗಲ್ಲ ಬಿಡಿ. ನಾನು ಉಲ್ಟಾ ಮಾಡ್ದೆ, ಚಕ್ರ ಇನ್ನೇನು ನಿಲ್ಲುತ್ತೆ ಅನ್ನೋ ಅಷ್ಟು ನಿಧಾನದಲ್ಲಿ, ಅರ್ಧ ಗೇಣಿನ ವೇಗದಲ್ಲಿ ಶುರು ಮಾಡ್ದೆ. ಆಗ ಮುಟ್ಟಿರೋ ಹೊತ್ತಲ್ಲಿ ಕೈ ಎರಡು ಮೂರು ಬೆರಳಗಲ ಸರಿದ್ರೆ ಸಾಕು. ಗುಂಪಲ್ಲಿ ನಕ್ರು, ಚಕ್ರಕ್ಕೆ ಜ್ವರ ಬಂದಿದೆಯಾ ಅಂತ.

ಇನ್ನೊಂದು ಕೆಲಸಕ್ಕೆ ಬಂದಿದ್ದು ಕಿವಿ. ಎರಡೂ ಕೈ ವೇಗ ಹೊಂದಿಲ್ಲ ಅಂದ್ರೆ ಸಣ್ಣಗೆ ಕಿರ್ರ್ ಅನ್ನುತ್ತೆ, ಹೊಂದಿದ ತಕ್ಷಣ ಸದ್ದು ನಿಂತೇಹೋಗುತ್ತೆ, ಬರೀ ಗಾಳಿ ಸದ್ದು ಉಳಿಯುತ್ತೆ. ಕಣ್ಣಲ್ಲಿ ಇದು ಕಾಣಲ್ಲ. ಹಾಗಾಗಿ ರಾತ್ರಿ ದೀಪ ಆರಿಸ್ಕೊಂಡು ಅಭ್ಯಾಸ ಮಾಡ್ತಿದ್ದೆ, ದಿನಾ ಒಂದು ಮುಕ್ಕಾಲು ಗಂಟೆ. ಮನೆಯವಳು ಒಂದಿನ ಎದ್ದು ಬಂದು, "ರೀ, ಕತ್ತಲಲ್ಲಿ ಕೂತು ಇಲಿ ಹಿಡೀತಿದೀರಾ ಹೇಗೆ?" ಅಂದ್ಲು. ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೆ, ಶುರುವಲ್ಲಿ ಮೂವತ್ತಕ್ಕೆ ಸೊನ್ನೆ, ಸೊನ್ನೆ, ಎರಡು, ಸೊನ್ನೆ, ಹಿಂಗೇ. ಕತ್ತಲೆ ಅಭ್ಯಾಸ ಶುರು ಮಾಡಿ ಮೂರನೇ ವಾರಕ್ಕೆ ಮೂವತ್ತಕ್ಕೆ ಹನ್ನೊಂದೋ ಹನ್ನೆರಡೋ ಬಂತು.

ಈ ನಡುವೆ ಮಾಡಿದ ಹುಚ್ಚಾಟಗಳು ಬೇಕಾದಷ್ಟಿವೆ. ಕಿರ್ರ್ ಸದ್ದು ತಪ್ಪಿಸೋಣ ಅಂತ ಹಳಿಗೆ ಮಿಷಿನ್ ಎಣ್ಣೆ ಹಚ್ದೆ. ಸದ್ದೇನೋ ಹೋಯ್ತು, ಜೊತೆಗೆ ಹಿಡಿತನೂ ಹೋಯ್ತು, ಓರೆ ಮಾಡಿದ್ರೆ ಚಕ್ರ ಉರುಳೋ ಬದಲು ಜಾರ್ಕೊಂಡು ಹೋಗೋದು, ಸ್ಪೀಡೇ ಏರಲ್ಲ. ಸ್ಪಿರಿಟ್ ಹಾಕಿ ಒರೆಸೋಕೇ ಎರಡು ದಿನ ಆಯ್ತು. ಯಾರೂ ಎಣ್ಣೆ ಹಚ್ಬೇಡಿ, ಒಣ ಬಟ್ಟೆ ಸಾಕು.

ಆಮೇಲೆ ನಿಯೋಡಿಮಿಯಮ್ ಹುಚ್ಚು. ಮಾಮೂಲಿ ಮ್ಯಾಗ್ನೆಟ್ಟಿಗಿಂತ ಗಟ್ಟಿ ಹಿಡಿತ ಇದ್ರೆ ಚಿಮ್ಮಲ್ಲ ಅನ್ನೋ ಲೆಕ್ಕ. ಒಂದು ಹಾಳಾದ ಚಕ್ರದ ಆಕ್ಸಲ್ ತುದಿಗೆ ಸಣ್ಣ ನಿಯೋಡಿಮಿಯಮ್ ಬಿಲ್ಲೆ ಸೋಲ್ಡರ್ ಮಾಡಕ್ಕೆ ಹೋದೆ, ಮೇಲೆ ನಿಕ್ಕಲ್ ಲೇಪ ಇರುತ್ತಲ್ಲ, ಸೋಲ್ಡರ್ ಚೆನ್ನಾಗೇ ಹಿಡೀತು. ಆದ್ರೆ ಮಾಮೂಲಿ ಗ್ರೇಡಿನ ನಿಯೋಡಿಮಿಯಮ್ 80 ಡಿಗ್ರಿ ದಾಟಿದ್ರೆ ಶಕ್ತಿ ಕಳ್ಕೊಳ್ಳುತ್ತೆ, ಸೋಲ್ಡರಿಂಗ್ ಐರನ್ ಮುನ್ನೂರು ಡಿಗ್ರಿ ಮೇಲೆ. ಗೊತ್ತಿದ್ದೂ ಮಾಡ್ದೆ, ಬೇಗ ಮುಗಿಸಿದ್ರೆ ಏನಾಗಲ್ಲ ಅಂತ. ಆಗಿದ್ದು ಏನು ಅಂದ್ರೆ ಒಂದು ಗುಂಡುಸೂಜಿ ಎತ್ತಕ್ಕೂ ತಿಣುಕಾಡೋ ಮ್ಯಾಗ್ನೆಟ್. ಎರಡನೇ ಸಲ ಅಂಟು ಹಾಕಿ ಕೂರಿಸ್ದೆ, ಅದು ಎಷ್ಟು ಗಟ್ಟಿ ಹಿಡೀತು ಅಂದ್ರೆ ಚಕ್ರ ಉರುಳಕ್ಕೇ ಒದ್ದಾಡೋದು, ಎರಡನೇ ಹಳಿ ಹತ್ರ ತಂದ್ರೆ ಟಪ್ ಅಂತ ಬಡ್ಕೊಂಡು ಬಿಲ್ಲೆ ಸೀಳಿತು. ಅವು ಗಾಜಿನ ಹಾಗೆ ಒಡೆಯುತ್ತೆ. ಆ ಚೂರುಗಳನ್ನ ಮಾತ್ರ ಗುಡಿಸಿ ಹುಡುಕಿ ತೆಗೆದು ಡಬ್ಬಕ್ಕೆ ಹಾಕಿ, ಮಕ್ಕಳಿರೋ ಮನೇಲಿ ತಮಾಷೆ ಅಲ್ಲ, ಎರಡು ಚೂರು ನುಂಗಿದ್ರೆ ಕರುಳಿನ ಮಡಿಕೆಗಳನ್ನ ನಡುವೆ ಹಿಡ್ಕೊಂಡು ತೂತು ಮಾಡ್ಬಿಡುತ್ತೆ. ಬಿಲ್ಲೆಗಳ ಆಸೆ ಅಲ್ಲಿಗೆ ಬಿಟ್ಟೆ.

ಒಂದು ಸಣ್ಣ ವಿಷಯ, ಕಬ್ಬಿಣದ ಕೆಲಸ ಮಾಡೋ ಟೇಬಲ್ ಮೇಲೆ ಚಕ್ರ ಇಡ್ಬೇಡಿ, ಅರ ಹಾಕಿದ ಪುಡಿ ಆಕ್ಸಲಿಗೆ ಗಡ್ಡ ಬಂದಂಗೆ ಅಂಟ್ಕೊಳ್ಳುತ್ತೆ. ಬಟ್ಟೇಲಿ ಒರೆಸಿದ್ರೆ ಹೋಗಲ್ಲ, ಮಕ್ಕಳು ಆಡೋ ಜೇಡಿಮಣ್ಣು ಒತ್ತಿ ಎತ್ತಿ, ಹೋಗುತ್ತೆ.

ಹುಚ್ಚಾಟದಲ್ಲಿ ಒಂದು ಮಾತ್ರ ಫಲ ಕೊಡ್ತು. ವೇಗ ಹೊಂದಿಸೋದು ಬಂದ ಮೇಲೂ ಒಂದು ತಲೆನೋವು ಉಳಿದಿತ್ತು, ಚಕ್ರ ಎರಡೂ ಹಳಿಗೆ ಅಂಟ್ಕೊಂಡು ಯಾವ ಕಡೆನೂ ಬಿಡ್ತಿರಲಿಲ್ಲ. ಎರಡೂ ಒಂದೇ ಸ್ಟೀಲು, ಒಂದೇ ಎಳೆತ, ಅದಾದ್ರೂ ಯಾಕೆ ಬಿಡುತ್ತೆ. ಕಿತ್ಕೊಳ್ಳಕ್ಕೆ ಹೋದ್ರೆ ಅರ್ಧ ಸಲ ಹಳೇ ಹಳಿಗೇ ಹೋಗೋದು. ಆಗ ಕೊಡೋ ಫ್ರೇಮಿನ ಹಳಿ ಕೆಳಭಾಗಕ್ಕೆ, ದಾಟಿಸೋ ಜಾಗದಲ್ಲಿ ಮಾತ್ರ, ತೆಳು ಟೇಪ್ ಅಂಟಿಸ್ದೆ. ಮ್ಯಾಗ್ನೆಟ್ಟಿಗೂ ಸ್ಟೀಲಿಗೂ ಮಧ್ಯ ಒಂದು ಕಾಗದದಷ್ಟು ಸಂದು ಬಂದ್ರೂ ಎಳೆತ ಗೊತ್ತಾಗೋ ಹಾಗೆ ಕಮ್ಮಿ ಆಗುತ್ತೆ. ಒಂದು ಸುತ್ತು ಟೇಪ್ ಸಾಲಲಿಲ್ಲ, ಮೂರು ಸುತ್ತು ಹಾಕಿದ್ರೆ ಮೊದಲೇ ಬಿದ್ದುಹೋಗೋದು, ಎರಡು ಸರಿ. ಬಟ್ಟೆ ಟೇಪ್ ಬೇಡ, ನಯವಾಗಿರೋದು ಬೇಕು. ಟೇಪಿನ ಅಂಚನ್ನ ಯಾವ ಕಡೆಗೆ ಮಡಚ್ಬೇಕು ಅನ್ನೋದ್ರಲ್ಲಿ ಒಂದು ಗುಟ್ಟಿದೆ, ಎರಡು ರೋಲ್ ಹಾಳು ಮಾಡಿದ್ರೆ ನಿಮಗೇ ಹೊಳೆಯುತ್ತೆ.

ಈಗ ನಾನು ಟೇಪ್ ಇಲ್ಲದೇನೂ ಮಾಡ್ತೀನಿ. ಅದರ ಹಿಂದಿರೋದು ನಿಮಗೆಲ್ಲ ಗೊತ್ತಿರೋದೇ, ಜೋರಾಗಿ ತಿರುಗ್ತಿರೋವಾಗ ಮಣಿಕಟ್ಟನ್ನ ಪಕ್ಕಕ್ಕೆ ತಿರುಗಿಸಿದ್ರೆ ಆಕ್ಸಲಿನ ಒಂದು ತುದಿ ಹಳಿ ಬಿಟ್ಟು ಏಳುತ್ತಲ್ಲ, ಬುಗುರಿ ವಾಲೋ ಥರದ್ದೇ ಆಟ ಅದು. ಒಂಟಿ ಹಳೀಲಿ ನೇತಾಡಿಸೋರು ಅದನ್ನೇ ಬಳಸೋದು. ಒಂದು ತುದಿ ಎದ್ರೆ ಹಳೇ ಹಳಿಯ ಹಿಡಿತ ಅರ್ಧಕ್ಕೆ ಬಂತು ಅಂತ ಲೆಕ್ಕ. ಯಾವ ಕೈನ, ಯಾವ ಗಳಿಗೇಲಿ, ಎಷ್ಟು ತಿರುಗಿಸ್ಬೇಕು ಅನ್ನೋದನ್ನ ಮಾತ್ರ ಸದ್ಯಕ್ಕೆ ನನ್ನ ಹತ್ರನೇ ಇಟ್ಕೋತೀನಿ, ಎಂಟು ತಿಂಗಳು ನಗಿಸ್ಕೊಂಡಿದೀನಿ, ಅಷ್ಟು ಹಕ್ಕಿದೆ.

ಮೊನ್ನೆ ಮೇಷ್ಟ್ರ ಮುಂದೆ ಮಾಡಿ ತೋರಿಸ್ದೆ. ಮೊದಲನೇ ಸಲ ಬಿತ್ತು, ಬೀಳದೇ ಇರುತ್ತಾ, ಅವರ ಮುಂದೆ ಅಂದ್ರೆ ಕೈ ಬೆವರುತ್ತೆ. ಎರಡನೇದು ಬಂತು, ಮೂರನೇದೂ ಬಂತು, ಸದ್ದಿಲ್ಲದೇ. ಅವರು ಏನೂ ಅನ್ಲಿಲ್ಲ, ನನ್ನ ಎರಡೂ ಫ್ರೇಮ್ ಇಸ್ಕೊಂಡು, ಹಳಿ ಕೆಳಗೆ ಬೆರಳಾಡಿಸಿ ಟೇಪ್ ಇದೆಯಾ ಅಂತ ನೋಡಿದ್ರು, ಇರಲಿಲ್ಲ. ಆಮೇಲೆ, "ಈ ಸಲ ಎಡಗೈಯಿಂದ ಬಲಗೈಗೆ ಮಾಡು ನೋಡೋಣ" ಅಂದ್ರು.

ಅದು ಹತ್ತಕ್ಕೆ ಎರಡು ಬರುತ್ತೆ ಅಷ್ಟೆ. ಅವತ್ತು ಅದೂ ಬರಲಿಲ್ಲ, ಚಕ್ರ ಬೀರು ಕೆಳಗೆ ಹೋಯ್ತು, ಕೋಲು ಹಾಕಿ ತೆಗೆಯಕ್ಕೆ ಹೋದ್ರೆ ಹೋದ ತಿಂಗಳು ಕಳೆದಿದ್ದ ಇನ್ನೊಂದು ಚಕ್ರನೂ ಅದಕ್ಕೇ ಅಂಟ್ಕೊಂಡು ಬಂತು.