ಒಟಾಗೋ ಗುಡ್ಡದ ಮೊಲ, ಅಮ್ಮ ಹೇಳಿಕೊಟ್ಟ ಸಾರು

ಹೋದ ಭಾನುವಾರ ಮನೇಲಿ ಮೊಲದ ಸಾರು ಮಾಡಿದ್ದೆ, ಫಾರಂ ಮೊಲ, ದೊಡ್ಡಬಳ್ಳಾಪುರ ಕಡೆಯಿಂದ ತಂದಿದ್ದು. ಮುದ್ದೆ ಮುರೀತಾ ನನ್ನ ಭಾಮೈದ ಕೇಳ್ದ, "ಭಾವ, ನ್ಯೂಜಿಲೆಂಡಲ್ಲಿ ನೀವೇ ಹೊಡೆದು ತಿಂತಿದ್ರಂತಲ್ಲ, ಹೆಂಗೆ ಅಂತ ಒಂದ್ಸಲ ಪೂರ್ತಿ ಹೇಳಿ" ಅಂತ. ಊಟದ ಮಧ್ಯೆ ಹೇಳೋಕೆ ಹೋದ್ರೆ ಅರ್ಧ ಬಿಟ್ಟೋಗುತ್ತೆ, ಅದಕ್ಕೆ ಕೂತು ಬರೀತಿದೀನಿ.

ಶುರು ಮಾಡೋಕೆ ಮುಂಚೆ ಒಂದು ಮಾತು. ನಮ್ಮ ಹೊಲಗಳಲ್ಲಿ ಓಡಾಡೋ ಕಾಡುಮೊಲನ ಹೊಡೆಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಉರುಳು ಹಾಕಿ ಹಿಡಿಯೋದೂ ಅಪರಾಧ. ನಾನು ಹೇಳ್ತಿರೋದೆಲ್ಲ ಅಲ್ಲಿನ ಕಥೆ. ಇದನ್ನ ಓದಿ ಇಲ್ಲಿ ಯಾರಾದ್ರೂ ಬಂದೂಕು ಹಿಡ್ಕೊಂಡು ಹೊಲಕ್ಕೆ ಇಳಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

2015ರಿಂದ 2019ರ ಕೊನೇವರೆಗೂ ನಾನು ನ್ಯೂಜಿಲೆಂಡಿನ ಒಟಾಗೋ ಪ್ರಾಂತ್ಯದ ಡನೀಡಿನ್‌ನಲ್ಲಿ ಕೆಲಸದಲ್ಲಿದ್ದೆ. ಜೊತೇಲಿ ಕೆಲಸ ಮಾಡೋನೊಬ್ಬನ ತಂದೆಗೆ ಅಲೆಕ್ಸಾಂಡ್ರಾ ಊರಿನ ಹತ್ರ ಜಮೀನು, ಡನೀಡಿನ್‌ನಿಂದ ಕಾರಲ್ಲಿ ಎರಡೂವರೆ ಗಂಟೆ ದಾರಿ, ಮೆರಿನೋ ಕುರಿ ಜಾಸ್ತಿ, ಪಕ್ಕದಲ್ಲೇ ಸ್ವಲ್ಪ ಚೆರ್ರಿ ತೋಟ. ಮೊದಲನೇ ಸಲ ಹೋದಾಗ ಯಜಮಾನ್ರು ನನ್ನ ಕರ್ಕೊಂಡು ಹೋಗಿ ತೋರಿಸಿದ್ದು ಸಾಲಾಗಿ ಒಣಗಿ ನಿಂತಿರೋ ಚೆರ್ರಿ ಸಸಿಗಳನ್ನ. ಬುಡದಿಂದ ಒಂದು ಗೇಣು ಎತ್ತರದವರೆಗೂ ಸುತ್ತಲೂ ತೊಗಟೆ ಇಲ್ಲ, ಯಾರೋ ಚಾಕುವಿನಲ್ಲಿ ಕೆರೆದಂಗೆ ಬೆಳ್ಳಗೆ ಕಾಣ್ತಿತ್ತು, ಹತ್ರ ಹೋಗಿ ನೋಡಿದ್ರೆ ಜೋಡಿ ಹಲ್ಲಿನ ಗುರುತು. ತೊಗಟೆ ಸುತ್ತ ಹೋದ್ರೆ ಗಿಡ ಸತ್ತಂಗೇನೇ. ಹಿಂದಿನ ಗುಡ್ಡದಲ್ಲಂತೂ ಹುಲ್ಲೇ ಇಲ್ಲ, ಬರೀ ಕಲ್ಲು, ಮಣ್ಣು, ಹಿಕ್ಕೆ, ಮಧ್ಯೆ ಮಧ್ಯೆ ಥೈಮ್ ಅನ್ನೋ ಘಮದ ಸೊಪ್ಪಿನ ಗಿಡ. ಈ ಥೈಮ್ ಆ ಗುಡ್ಡಗಳಲ್ಲಿ ನಮ್ಮ ಕಡೆ ಕಾಡುತುಳಸಿ ಬೆಳೆದಂಗೆ ತಾನಾಗೇ ಬೆಳ್ಕೊಂಡಿದೆ, ಅದನ್ನ ಮಾತ್ರ ಮೊಲ ಅಷ್ಟಾಗಿ ಮುಟ್ಟಲ್ಲ. ಹತ್ತು ಮೊಲ ಸೇರಿದ್ರೆ ಒಂದು ಕುರಿ ತಿನ್ನೋಷ್ಟು ಹುಲ್ಲು ತಿಂತವೆ ಅನ್ನೋದು ಅಲ್ಲಿ ರೈತರ ಬಾಯಲ್ಲಿ ಯಾವಾಗ್ಲೂ ಇರೋ ಲೆಕ್ಕ.

ಆ ಮೊಲ ಆ ದೇಶದ್ದೇ ಅಲ್ಲ. 1800ರ ನಂತರ ಬ್ರಿಟಿಷರು ಬೇಟೆಗೂ ಊಟಕ್ಕೂ ಅಂತ ತಂದು ಬಿಟ್ಟಿದ್ದು, ಹಿಡಿದು ತಿನ್ನೋ ನರಿ ತೋಳ ಅಲ್ಲಿಲ್ಲ, ಗರ್ಭ ಒಂದು ತಿಂಗಳು, ಮರಿ ಹಾಕಿದ ದಿನವೇ ಮತ್ತೆ ಗಬ್ಬ ಆಗಬಹುದು, ಇನ್ನೇನಾಗುತ್ತೆ. 1880ರ ದಶಕದಲ್ಲಿ ಮೊಲ ಹಿಡೀಲಿ ಅಂತ ಸ್ಟೋಟ್, ಫೆರೆಟ್ ಅನ್ನೋ ಮುಂಗುಸಿ ಥರದ ಪ್ರಾಣಿಗಳನ್ನ ತಂದು ಬಿಟ್ರು, ಅವು ಮೊಲದ ಜೊತೆಗೆ ಹಾರೋಕೆ ಬಾರದ ಅಲ್ಲಿನ ಹಕ್ಕಿಗಳನ್ನೂ ಹಿಡಿದು ತಿಂದ್ವು, ಆ ನಷ್ಟ ಇವತ್ತಿಗೂ ತುಂಬಿಲ್ಲ. 1997ರಲ್ಲಿ ಮೊಲಕ್ಕೆ ರಕ್ತಸ್ರಾವ ತರೋ ವೈರಸ್ಸನ್ನ ಸರ್ಕಾರ ಬೇಡ ಅಂದ್ರೂ ಯಾರೋ ಕದ್ದು ತಂದು ಹರಡಿಬಿಟ್ರು, ಮೊದಲು ಕಂಡಿದ್ದು ಅದೇ ಕಡೆ, ಕ್ರಾಮ್‌ವೆಲ್ ಹತ್ರ. ಸ್ವಲ್ಪ ವರ್ಷ ಮೊಲ ಕಮ್ಮಿ ಆದ್ವು, ಆಮೇಲೆ ಉಳಿದವಕ್ಕೆ ರೋಗ ನಿರೋಧಕ ಶಕ್ತಿ ಬಂತು. ನಾನಿದ್ದಾಗ್ಲೇ, 2018ರಲ್ಲಿ, ಅದೇ ವೈರಸ್ಸಿನ ಕೆ5 ಅನ್ನೋ ಹೊಸ ತಳಿಯನ್ನ ಸರ್ಕಾರಿ ಲೆಕ್ಕದಲ್ಲೇ ಬಿಟ್ರು. ಇಷ್ಟೆಲ್ಲ ಆದ್ಮೇಲೂ ಸಂಜೆ ಹೊತ್ತು ಗುಡ್ಡ ನೋಡಿದ್ರೆ ನೆಲವೇ ಅಲುಗಾಡ್ತಿದೆಯೇನೋ ಅನ್ನಿಸ್ತಿತ್ತು.

ಬಂದೂಕು ಅಂದ್ರೆ ನಮ್ಮನೇಲಿ ಯಾರೂ ಮುಟ್ಟಿದವರಲ್ಲ. ಮೊದಲ ಕೆಲವು ತಿಂಗಳು ಯಜಮಾನ್ರು ಪಕ್ಕದಲ್ಲೇ ನಿಂತು ಅವರ ರೈಫಲ್ಲಲ್ಲಿ ಕಲಿಸಿದ್ರು, ಆಮೇಲೆ 2016ರಲ್ಲಿ ನಾನೇ ಲೈಸೆನ್ಸಿಗೆ ಹಾಕಿದೆ. ಸುರಕ್ಷತೆ ಬಗ್ಗೆ ಪಾಠ ಕೇಳಬೇಕು, ಪರೀಕ್ಷೆ ಬರೀಬೇಕು, ಪೊಲೀಸರ ಕಡೆಯವರು ಮನೆಗೇ ಬಂದು ಬಂದೂಕು ಎಲ್ಲಿ ಬೀಗ ಹಾಕಿ ಇಡ್ತೀಯ ಅಂತ ನೋಡ್ತಾರೆ. ನನ್ನ ಹೊರಗೆ ಕಳಿಸಿ ನನ್ನ ಹೆಂಡ್ತಿ ಒಬ್ಬಳನ್ನೇ ಕೂರಿಸ್ಕೊಂಡು "ಇವರ ಕೈಲಿ ಬಂದೂಕು ಇದ್ರೆ ನಿಮಗೆ ಭಯ ಇಲ್ವಾ, ಮನೇಲಿ ಸಿಟ್ಟು ಜಗಳ ಏನಾದ್ರೂ ಇದ್ಯಾ" ಅಂತ ಕೇಳಿದ್ರು. ಆ ಪದ್ಧತಿ ನನಗೆ ತುಂಬ ಹಿಡಿಸ್ತು. ಅಲ್ಲಿ ಏಳು ನಿಯಮ ಬಾಯಿಪಾಠ ಮಾಡಿಸ್ತಾರೆ, ಅದರಲ್ಲಿ ಮೊದಲನೇದು, ಯಾವ ಬಂದೂಕನ್ನೇ ಆಗ್ಲಿ ಗುಂಡು ತುಂಬಿದೆ ಅಂತಲೇ ತಿಳ್ಕೊ. ನಾಲ್ಕನೇದು, ಗುರಿ ಏನು ಅಂತ ಎಳ್ಳಷ್ಟೂ ಅನುಮಾನ ಇಲ್ಲದಂಗೆ ಖಾತ್ರಿ ಮಾಡ್ಕೊ. ರಾತ್ರಿ ಟಾರ್ಚ್ ಬಿಟ್ರೆ ಮೊಲದ ಕಣ್ಣೂ ಹೊಳೆಯುತ್ತೆ, ಕುರಿ ಕಣ್ಣೂ ಹೊಳೆಯುತ್ತೆ, ನಾಯಿ ಕಣ್ಣೂ ಹೊಳೆಯುತ್ತೆ, ಹಂಗಾಗಿ ನಾಲ್ಕನೇದರ ಬೆಲೆ ಗುಡ್ಡಕ್ಕೆ ಹೋದ ಮೇಲೇನೇ ಗೊತ್ತಾಗೋದು. ನಾನಂತೂ ಸೂರ್ಯ ಮುಳುಗೋ ಮುಂಚಿನ ಒಂದು ಗಂಟೆ ಬಿಟ್ಟು ಬೇರೆ ಹೊತ್ತಲ್ಲಿ ಹೊಡೀತಿರಲಿಲ್ಲ.

ನನ್ನ ಹತ್ರ ಇದ್ದಿದ್ದು ಪಾಯಿಂಟ್ 22 ಅನ್ನೋ ಸಣ್ಣ ಗುಂಡಿನ ಬೋಲ್ಟ್ ರೈಫಲ್, ಗುರಿನ ಹತ್ರ ಮಾಡಿ ತೋರಿಸೋ ಸ್ಕೋಪ್, ಸೈಲೆನ್ಸರ್ (ಅಲ್ಲಿ ಸೈಲೆನ್ಸರ್‌ಗೆ ಕಾನೂನಿನ ಅಡ್ಡಿ ಇಲ್ಲ), ಸದ್ದು ಕಮ್ಮಿ ಮಾಡೋ ಸಬ್‌ಸಾನಿಕ್ ಗುಂಡು. 50 ಮೀಟರಿಗೆ ಸ್ಕೋಪ್ ಹೊಂದಿಸಿ, ಐದು ಗುಂಡಿಗೆ ಐದೂ ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳೋವರೆಗೂ ಕಾಗದಕ್ಕೇ ಹೊಡೀತಿದ್ದೆ. ಆದ್ರೂ ತಪ್ಪು ಮಾಡಿದೆ. ಲೈಸೆನ್ಸ್ ಬಂದ ಎರಡನೇ ವಾರ, ಗಾಳಿ ಜೋರಾಗಿತ್ತು, ಮೊಲ 80 ಮೀಟರ್ ದೂರ ಇತ್ತು, ಹೊಡೆದುಬಿಟ್ಟೆ. ಹಿಂದಿನ ಕಾಲಿಗೆ ಬಿತ್ತು. ಅದು ಕಿರುಚಿದ ಸದ್ದು, ಮಗು ಅತ್ತಂಗೆ, ತೆವಳ್ಕೊಂಡೇ ಹೋಗಿ ಬಿಲ ಸೇರ್ಕೊಳ್ತು, ನಾನು ಓಡಿಹೋಗಿ ಕತ್ತಲಾಗೋವರೆಗೂ ಆ ಬಿಲದ ಬಾಯಲ್ಲಿ ಕೂತಿದ್ದೆ, ಹೊರಗೆ ಬರಲಿಲ್ಲ. ಯಜಮಾನ್ರಿಗೆ ಹೇಳ್ದಾಗ ಬೈಲಿಲ್ಲ, ಎಷ್ಟು ದೂರ ಇತ್ತು ಅಂತ ಮಾತ್ರ ಕೇಳಿದ್ರು. ಅವತ್ತಿಂದ 50 ಮೀಟರ್ ದಾಟಿದ್ರೆ ಇಲ್ಲ, ಓಡ್ತಿದ್ರೆ ಇಲ್ಲ, ರೈಫಲ್ ಕಲ್ಲಿನ ಮೇಲೋ ಬ್ಯಾಗಿನ ಮೇಲೋ ಊರದೆ ಇಲ್ಲ, ಗುರಿ ತಲೆಗೆ ಮಾತ್ರ. ತಲೆಗೇ ಯಾಕೆ ಅಂದ್ರೆ ಅದಕ್ಕೆ ನೋವು ಗೊತ್ತಾಗೋ ಮುಂಚೆ ಮುಗಿದೋಗುತ್ತೆ, ಬಾಡೂ ಕೆಡಲ್ಲ, ಸೀಸದ ಚೂರು ತಿನ್ನೋ ಭಾಗಕ್ಕೆ ಹೋಗಲ್ಲ. ಇನ್ನೊಂದು ವಿಷಯ, ಪಾಯಿಂಟ್ 22 ಗುಂಡು ಕಲ್ಲಿಗೋ ಹೆಪ್ಪುಗಟ್ಟಿದ ನೆಲಕ್ಕೋ ಬಡಿದ್ರೆ ಚಿಮ್ಮಿ ಎಲ್ಲಿಗೋ ಹೋಗುತ್ತೆ, ಆ ಗುಡ್ಡದ ತುಂಬ ಚಪ್ಪಡಿ ಕಲ್ಲು, ಹಂಗಾಗಿ ಮೊಲದ ಹಿಂದೆ ಮೆತ್ತಗಿನ ಮಣ್ಣಿನ ದಿಬ್ಬ ಇಲ್ಲ ಅಂದ್ರೆ ಎಷ್ಟು ಚೆನ್ನಾಗಿ ಕೂತಿದ್ರೂ ಬಿಟ್ಟುಬಿಡ್ತಿದ್ದೆ. ಒಂದು ಸಂಜೆಗೆ ಆರೇಳು ಸಿಕ್ರೆ ಹೆಚ್ಚು. ಅದರಿಂದ ಆ ಗುಡ್ಡದ ಮೊಲ ಕಮ್ಮಿ ಆಗಲ್ಲ, ಬಿಲ ಅಗೆದು ಮುಚ್ಚಬೇಕು, ಬೇಲಿ ಬೇಕು, ವಿಷವೂ ಹಾಕ್ತಾರೆ. ಚೆರ್ರಿ ಸಾಲಿನ ಪಕ್ಕ ಮಾತ್ರ ನಮ್ಮ ಕೆಲಸದ ಫಲ ಕಾಣ್ತಿತ್ತು.

ವಿಷದ ಮಾತು ಬಂತಲ್ಲ, ತಿನ್ನೋರು ಕೇಳಲೇಬೇಕಾದ ಮೊದಲ ಪ್ರಶ್ನೆ ಅದೇ. ಪಿಂಡೋನ್ ಅಂತ ರಕ್ತ ಹೆಪ್ಪುಗಟ್ಟದಂಗೆ ಮಾಡೋ ವಿಷನ ಕಾಳಲ್ಲಿ, ಕ್ಯಾರೆಟ್ಟಲ್ಲಿ ಹಾಕಿ ಇಡ್ತಾರೆ. ಈ ಜಮೀನಲ್ಲಿ, ಪಕ್ಕದ ಜಮೀನಲ್ಲಿ ಇತ್ತೀಚೆಗೆ ಹಾಕಿದ್ದಾರಾ ಅಂತ ಕೇಳದೆ ಒಂದು ತುಂಡೂ ಮನೆಗೆ ತರ್ತಿರಲಿಲ್ಲ. ಹುಷಾರಿಲ್ಲದಂಗೆ ಮಂಕಾಗಿ ಕೂತಿರೋದು, ತಾನಾಗೇ ಸತ್ತು ಬಿದ್ದಿರೋದು, ಅದೂ ಬೇಡ.

ಬಿದ್ದ ತಕ್ಷಣ ಹಿಂಗಾಲು ಕೆಳಗೆ ಬರೋ ಥರ ಹಿಡ್ಕೊಂಡು ಹೊಟ್ಟೆ ಮೇಲಿಂದ ಕೆಳಕ್ಕೆ ಹೆಬ್ಬೆರಳಲ್ಲಿ ಒತ್ತಿ ಉಚ್ಚೆ ತೆಗೀಬೇಕು, ಇಲ್ಲಾಂದ್ರೆ ಕೊಯ್ಯುವಾಗ ಬಾಡಿಗೆಲ್ಲ ಬೀಳುತ್ತೆ, ಆ ನಾತ ಯಾವ ಮಸಾಲೆಗೂ ಬಗ್ಗಲ್ಲ. ಅರ್ಧ ಗಂಟೆ ಒಳಗೆ ಕರುಳು ತೆಗೀತಿದ್ದೆ, ಗ್ಲೌಸ್ ಹಾಕ್ಕೊಂಡು. ಈಲಿ ನೋಡೋದು ಮುಖ್ಯ, ನುಣ್ಣಗೆ ಕಡುಗೆಂಪು ಇದ್ರೆ ಸರಿ, ಬಿಳಿ ಚುಕ್ಕೆ ಇದ್ರೆ ಅದು ಸಾಮಾನ್ಯವಾಗಿ ಕಾಕ್ಸಿಡಿಯಾ ಅನ್ನೋ ಪರಾವಲಂಬಿ ಜೀವಿ ತರೋ ರೋಗದ್ದು, ಅಂಥದ್ದನ್ನ ನಾನು ಪೂರ್ತಿ ಹೂತುಬಿಡ್ತಿದ್ದೆ. ಚರ್ಮ ಸುಲಿಯೋದು ಕಷ್ಟ ಅಂತ ಹೆದರಿದ್ದೆ, ಆದ್ರೆ ನಡುವಲ್ಲಿ ಸಣ್ಣಗೆ ಕೊಯ್ದು ಎರಡೂ ಕಡೆ ಎಳೆದ್ರೆ ಒದ್ದೆ ಬನಿಯನ್ ಬಿಚ್ಚಿದಂಗೆ ಬಂದುಬಿಡುತ್ತೆ. ಮೊದಲನೇ ಸಲ ಸುಲಿದಾಗ ಬಾಡು ಇನ್ನೂ ಬೆಚ್ಚಗಿತ್ತು, ಥೈಮ್ ಮೇಲೆ ಮಂಡಿ ಊರಿದ್ದೆ, ರಕ್ತದ ವಾಸನೆ ಆ ಸೊಪ್ಪಿನ ವಾಸನೆ ಎರಡೂ ಕೈಗೆ ಅಂಟ್ಕೊಂಡಿತ್ತು, ಡನೀಡಿನ್ ತಲುಪೋವರೆಗೂ ಹೋಗಿರಲಿಲ್ಲ. ಒಂದು ಕಾಡುಮೊಲ ಒಂದೂವರೆ ಕೆಜಿ ಇದ್ರೆ ಬಾಡು ಅರ್ಧ ಸಿಗುತ್ತೆ ಅಷ್ಟೆ. ಕಿವಿ ಸುಲಭವಾಗಿ ಹರಿದ್ರೆ ಎಳೇದು, ಚರ್ಮದಂಗೆ ಗಟ್ಟಿ ಇದ್ರೆ ಬಲಿತಿದ್ದು, ಅವೆರಡನ್ನ ಒಂದೇ ಕುಕ್ಕರಿಗೆ ಹಾಕಬೇಡಿ.

ಅಲ್ಲಿನವರು ಬೇಕನ್ ಸುತ್ತಿ ಓವನ್ನಲ್ಲಿಡ್ತಾರೆ, ಸಾಸಿವೆ, ಸೈಡರ್ ಅನ್ನೋ ಸೇಬಿನ ಮದ್ಯ ಹಾಕಿ ನಿಧಾನ ಬೇಯಿಸ್ತಾರೆ, ಚೆನ್ನಾಗಿರುತ್ತೆ, ನಾನೂ ಮಾಡಿದೀನಿ. ಆದ್ರೆ ನನಗೆ ಬೇಕಿದ್ದಿದ್ದು ಸಾರು. ಮೊದಲನೇ ಸಲ ಕುರಿ ಸಾರಿನ ಥರ ಮಾಡಿ ಕೆಡಿಸಿದೆ, ಬಾಡು ನಾರು ನಾರು, ಸಾರು ನೀರು ನೀರು. ಬೆಂಗಳೂರಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಪಾತ್ರೆ ಒಳಗೆ ನೋಡಿ, "ಅದರಲ್ಲಿ ಕೊಬ್ಬೆಲ್ಲಿದೆ ಕಂದ, ಕೊಬ್ಬಿಲ್ದೆ ಸಾರಿಗೆ ರುಚಿ ಎಲ್ಲಿಂದ ಬರುತ್ತೆ, ಎಣ್ಣೆ ಕಾಯಿ ಎರಡೂ ಒಂದು ಕೈ ಮುಂದೆ ಹಾಕು, ಮೆಣಸು ಜಾಸ್ತಿ ಮಾಡು" ಅಂದ್ರು. ಎಲ್ಲ ಆ ಮಾತಲ್ಲೇ ಇತ್ತು.

ಈಗ ನಾನು ಮಾಡೋದು ಹಿಂಗೆ. ಬಾಡಿನ ಮೇಲಿನ ಬೆಳ್ಳಗಿನ ಪೊರೆ ತೆಗೆದು, ಏಟು ಬಿದ್ದು ಕಪ್ಪಾಗಿರೋ ಜಾಗ ಕತ್ತರಿಸಿ ಬಿಸಾಕಿ, ಉಪ್ಪು ನೀರಲ್ಲಿ ಫ್ರಿಡ್ಜಲ್ಲಿ ಒಂದು ರಾತ್ರಿ. ಒಂದು ಕೆಜಿ ಬಾಡಿಗೆ ಮೂರು ಚಮಚ ಧನಿಯಾ, ಎಂಟು ಬ್ಯಾಡಗಿ, ಮೂರು ಗುಂಟೂರು, ಒಂದೂವರೆ ಚಮಚ ಮೆಣಸು, ಚಕ್ಕೆ, ಐದು ಲವಂಗ, ಒಂದು ಚಮಚ ಗಸಗಸೆ ಹುರ್ಕೊಳ್ಳೋದು. ಒಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಇಂಚು ಶುಂಠಿ ಎಣ್ಣೇಲಿ ಬಾಡಿಸಿ, ಇವನ್ನೆಲ್ಲ ಅರ್ಧ ಹೋಳು ಕಾಯಿ, ಒಂದು ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕು ಎಲೆ ಪುದೀನ ಹಾಕಿ ನುಣ್ಣಗೆ ರುಬ್ಬೋದು. ಕುಕ್ಕರಲ್ಲಿ ಎಣ್ಣೆ, ಈರುಳ್ಳಿ, ಬಾಡು, ಅರಿಶಿನ, ಉಪ್ಪು, ನೀರು ಹಾಕದೆ ಹುರಿಯೋದು. ಮೊದಲು ಬಾಡೇ ನೀರು ಬಿಡುತ್ತೆ, ಆ ನೀರು ಪೂರ್ತಿ ಇಂಗಿ ತಳದಲ್ಲಿ ಚಟಪಟ ಅನ್ನೋಕೆ ಶುರು ಆಗುತ್ತಲ್ಲ, ಅಲ್ಲಿವರೆಗೂ ಕೈ ಬಿಡಬಾರದು, ಹಸಿ ವಾಸನೆ ಹೋಗೋದು ಆಗಲೇ. ಆಮೇಲೆ ಒಂದು ಟೊಮೆಟೊ, ಮಸಾಲೆ, ಬಿಸಿನೀರು. ಎಳೇದಕ್ಕೆ ಎರಡು ವಿಷಲ್, ಬಲಿತಿದ್ದಕ್ಕೆ ಆರು. ಬೆನ್ನಿನ ತುಂಡು ಬೇಗ ಒಣಗಿ ಹೋಗುತ್ತೆ, ಅದನ್ನ ಬೇರೆ ತೆಗೆದಿಟ್ಟು ಮೆಣಸು ಕರಿಬೇವು ಹಾಕಿ ಫ್ರೈ ಮಾಡಿ, ಒಳಗೆ ಕೆಂಪು ಉಳೀದಂಗೆ ಬೇಯಿಸಿ. ರಾಗಿ ಹಿಟ್ಟು ಅಲ್ಲೇ ಇಂಡಿಯನ್ ಅಂಗಡೀಲಿ ಸಿಕ್ತಿತ್ತು, ಯಜಮಾನ್ರಿಗೆ ಒಂದ್ಸಲ ಡಬ್ಬೀಲಿ ಸಾರು, ಮುದ್ದೆ ತಗೊಂಡು ಹೋಗಿ ಕೊಟ್ಟೆ. ಮುದ್ದೆ ಅಗಿಯಬೇಡಿ, ನುಂಗಿ ಅಂದ್ರೆ ಅವರಿಗೆ ಆಗಲಿಲ್ಲ, ಸಾರಿಗೆ ಮಾತ್ರ ಬ್ರೆಡ್ ಅದ್ದಿ ತಳ ಕಾಣೋವರೆಗೂ ತಿಂದ್ರು.

ವಾಪಸ್ ಬಂದ್ಮೇಲೆ ಇಲ್ಲಿ ತರೋದು ಫಾರಂ ಮೊಲ, ನ್ಯೂಜಿಲೆಂಡ್ ವೈಟ್ ಅಂತ ತಳಿ. ಹೆಸರಲ್ಲಿ ನ್ಯೂಜಿಲೆಂಡ್ ಇದ್ರೂ ಆ ತಳಿ ಮಾಡಿದ್ದು ಅಮೆರಿಕದಲ್ಲಿ. ಬಾಡು ಮೆತ್ತಗೆ, ಬೆಳ್ಳಗೆ, ಎರಡು ವಿಷಲ್ ಸಾಕು, ರುಚಿ ಕಾಡುಮೊಲದಷ್ಟು ಗಾಢ ಇಲ್ಲ, ಅದಕ್ಕೆ ಮೆಣಸು ಇನ್ನೂ ಅರ್ಧ ಚಮಚ ಏರಿಸ್ತೀನಿ.

ನಮ್ಮ ಮಾವನವರಿಗೆ ಮಾಗಡಿ ಹತ್ರ ಎರಡು ಎಕರೆ ಇದೆ. ಹೋದ ವರ್ಷ ಅವರೆ ಸಸಿ ಎಲ್ಲ ಮೊಲ ಮೇಯ್ದುಬಿಟ್ಟಿದ್ವು. "ಅಲ್ಲಿ ಅಷ್ಟು ಹೊಡೆದೋರು ನೀವು, ಇಲ್ಲಿ ಏನಾದ್ರೂ ಮಾಡಿ ಅಳಿಯಂದ್ರೆ" ಅಂದ್ರು. ಕಾನೂನು ಒಂದು ಕಡೆ ಇರ್ಲಿ, ಇದು ಆ ಮೊಲವೇ ಅಲ್ಲ ಅಂತ ಅವರಿಗೆ ಹೇಳ್ದೆ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಅಂತೀವಿ, ಆದ್ರೆ ಅಲ್ಲಿಂದು ನೆಲದಲ್ಲಿ ಬಿಲ ತೋಡಿ ಗುಂಪಾಗಿರುತ್ತೆ, ಮರಿ ಕಣ್ಣು ಬಿಡದೆ ಕೂದಲಿಲ್ಲದೆ ಹುಟ್ಟುತ್ತೆ. ನಮ್ಮದು ಬಿಲ ತೋಡಲ್ಲ, ಹುಲ್ಲಲ್ಲೇ ಗುಂಡಿ ಮಾಡ್ಕೊಂಡು ಒಂಟಿಯಾಗಿ ಮಲಗುತ್ತೆ, ಮರಿ ಕಣ್ಣು ಬಿಟ್ಕೊಂಡೇ ಹುಟ್ಟುತ್ತೆ. ಇದು ಈ ನೆಲದ್ದೇ, ಚಿರತೆ, ನರಿ, ಹದ್ದು ಎಲ್ಲ ಇದನ್ನ ನೆಚ್ಕೊಂಡಿವೆ, ಇದನ್ನ ಹೊಡೆದ್ರೆ ಆ ಚಿರತೆ ಊರ ನಾಯಿಗೆ ಬರುತ್ತೆ.

ಬಿಲ ತೋಡಲ್ಲ ಅನ್ನೋದೇ ನಮಗೆ ಅನುಕೂಲ ಆಯ್ತು. ನ್ಯೂಜಿಲೆಂಡಲ್ಲಿ ಬೇಲಿ ಜಾಲರಿನ ನೆಲದೊಳಗೆ ಹೂಳಬೇಕು, ಇಲ್ಲಾಂದ್ರೆ ಅಡಿಯಿಂದ ತೋಡ್ಕೊಂಡು ಬರುತ್ತೆ. ಇಲ್ಲಿ ಮೂರಡಿ ಕೋಳಿ ಜಾಲರಿನ ಬರೀ ಗೂಟಕ್ಕೆ ಕಟ್ಟಿ, ಕೆಳಗಿನ ಅಂಚಿಗೆ ಒಂದೊಂದು ಕಲ್ಲು ಇಟ್ವಿ, ಅವರೆ ಇರೋ ಅರ್ಧ ಎಕರೆ ಸುತ್ತ ಮಾತ್ರ. ಭಾಮೈದನೂ ನಾನೂ ಸೇರಿ ಎರಡು ದಿನದ ಕೆಲಸ. ಈ ಸಲ ಅವರೆ ಉಳೀತು. ಬೆಳಗ್ಗೆ ಹೋಗಿ ನೋಡಿದ್ರೆ ಜಾಲರಿ ಹೊರಗಡೆ ಉದ್ದಕ್ಕೂ ಹಿಕ್ಕೆ ಬಿದ್ದಿತ್ತು, ರಾತ್ರಿಯೆಲ್ಲ ಸುತ್ತಿದೆ. ಮಾವ ಅದನ್ನ ನೋಡಿ ಆ ಕಡೆ ಬದುವಿನ ಹುಲ್ಲನ್ನ ಈ ವರ್ಷ ಕುಯ್ಸೋದು ಬೇಡ ಅಂದ್ರು.