ರೈಸ್ ಮಿಲ್ ಸರ್ವರ್‌ಗೆ ಆಟೋ ಲಾಗಿನ್: ಕರೆಂಟ್ ಬಂದ ಕೂಡಲೇ ತೂಕ ಬರಬೇಕು ಅಂದ್ರೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ ಮಾತು: "ಅಣ್ಣಾ, ರಾತ್ರಿ ಕರೆಂಟ್ ಹೋಗಿ ಬಂತು, ತೂಕ ಬರವಲ್ದು." ವೇಬ್ರಿಡ್ಜ್‌ಗೆ, ಅಂದ್ರೆ ಲಾರಿ ತೂಗುವ ಕಾಟಾಕ್ಕೆ, ಏನೂ ಆಗಿರುವುದಿಲ್ಲ. ಸರ್ವರ್ ಕೂಡ ಆನ್ ಆಗಿರುತ್ತದೆ. ಆದರೆ ಪಾಸ್‌ವರ್ಡ್ ಕೇಳುತ್ತಾ ಲಾಗಿನ್ ಪರದೆಯ ಮೇಲೆ ನಿಂತಿರುತ್ತದೆ. ತೂಕದ ಪ್ರೋಗ್ರಾಂ ಯಾರಾದರೂ ಲಾಗಿನ್ ಆದ ಮೇಲೇ ಶುರುವಾಗುವಂಥದ್ದು. ಪಾಸ್‌ವರ್ಡ್ ಗೊತ್ತಿರುವ ಅಕೌಂಟೆಂಟ್ ಬರುವುದು ಹತ್ತು ಗಂಟೆಗೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಅಷ್ಟು ಹೊತ್ತು ಕಾಯುತ್ತವಾ?

ಇದಕ್ಕೆ ಆಟೋ ಲಾಗಿನ್ ಒಂದು ದಾರಿ, ಅಂದ್ರೆ ಮಷಿನ್ ಆನ್ ಆದಾಗ ಪಾಸ್‌ವರ್ಡ್ ಕೇಳದೆ ತಾನಾಗಿ ಲಾಗಿನ್ ಆಗುವುದು. ಇಲ್ಲಿ ಹೇಳುತ್ತಿರುವುದು ವಿಂಡೋಸ್ ಸರ್ವರ್ 2016, 2019, 2022ಕ್ಕೆ. ಮೆನು, ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಪರದೆಯ ಮೇಲೆ ಅವು ಇಂಗ್ಲಿಷ್‌ನಲ್ಲಿ ಕಾಣುತ್ತವೆ, ಟೈಪ್ ಮಾಡುವಾಗಲೂ ಇಂಗ್ಲಿಷ್ ಅಕ್ಷರವೇ ಬೇಕು.

ಮೊದಲು ನೋಡಿ: ಬೇಕೇ ಬೇಕಾ?

ಎಷ್ಟೋ ಪ್ರೋಗ್ರಾಂಗಳಿಗೆ ಲಾಗಿನ್ ಬೇಕಾಗುವುದೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್, ಫೋಲ್ಡರ್ ಶೇರಿಂಗ್, ಪ್ರಿಂಟ್ ಸ್ಪೂಲರ್ ಇವೆಲ್ಲ ಸರ್ವಿಸ್‌ಗಳು. ಯಾರೂ ಲಾಗಿನ್ ಆಗದಿದ್ದರೂ ಓಡುತ್ತವೆ. ಅಂಥವುಗಳಿಗಾಗಿ ಆಟೋ ಲಾಗಿನ್ ಹಾಕಿದರೆ ಸುಮ್ನೆ ಬಾಗಿಲು ತೆಗೆದಿಟ್ಟ ಹಾಗೆ.

ನಿಮ್ಮ ಪ್ರೋಗ್ರಾಂ ಸರ್ವಿಸ್ ಅಲ್ಲದಿದ್ದರೆ ಮೊದಲು ಟಾಸ್ಕ್ ಶೆಡ್ಯೂಲರ್‌ನಲ್ಲಿ (ಪ್ರೋಗ್ರಾಂಗಳನ್ನು ತಾನಾಗಿ ಶುರು ಮಾಡುವ ವಿಂಡೋಸ್ ಟೂಲ್) ಪ್ರಯತ್ನಿಸಿ. ಹೊಸ ಟಾಸ್ಕ್ ಮಾಡಿ, ಟ್ರಿಗರ್ "ಅಟ್ ಸ್ಟಾರ್ಟಪ್" ಕೊಡಿ, "ರನ್ ವೆದರ್ ಯೂಸರ್ ಈಸ್ ಲಾಗ್ಡ್ ಆನ್ ಆರ್ ನಾಟ್" ಆರಿಸಿ. ರೀಸ್ಟಾರ್ಟ್ ಮಾಡಿ, ಲಾಗಿನ್ ಆಗದೆ ಬೇರೆ ಕಂಪ್ಯೂಟರ್‌ನಿಂದ ತೂಕ ಬರುತ್ತಿದೆಯಾ ನೋಡಿ. ಬಂದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

ಆದರೆ ಹಳೆಯ ವೇಬ್ರಿಡ್ಜ್ ಪ್ರೋಗ್ರಾಂಗಳು ಇಲ್ಲಿ ಕೈಕೊಡುತ್ತವೆ. ವಿಂಡೋಸ್ ವಿಸ್ತಾ ಮತ್ತು ಸರ್ವರ್ 2008 ಬಂದಾಗಿನಿಂದ ಸೆಷನ್ ಸೊನ್ನೆ ಎಂಬ ಜಾಗ ಸರ್ವಿಸ್‌ಗಳಿಗೆ ಮಾತ್ರ, ಲಾಗಿನ್ ಆದವರ ಪರದೆ ಬೇರೆ ಸೆಷನ್‌ನಲ್ಲಿ ಇರುತ್ತದೆ. ಹೀಗೆ ಹಾಕಿದ ಟಾಸ್ಕ್ ಕೂಡ ಅಲ್ಲೇ ಓಡುತ್ತದೆ, ಅದರ ವಿಂಡೋ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪ್ರೋಗ್ರಾಂ ಶುರುವಾದ ಕೂಡಲೇ "ಪೋರ್ಟ್ ಆರಿಸಿ, ಓಕೆ ಒತ್ತಿ" ಎಂದು ಒಂದು ಡಬ್ಬಿ ತೋರಿಸಿತು ಅಂದುಕೊಳ್ಳಿ. ಒತ್ತುವವರು ಯಾರು? ಅದು ಹಾಗೇ ಕಾಯುತ್ತಾ ಕೂರುತ್ತದೆ. ಇಂಥ ಪ್ರೋಗ್ರಾಂ ಇದ್ದರೆ ಮಾತ್ರ ಮುಂದೆ ಓದಿ.

ಇನ್ನೊಂದು ಮಾತು. ಆ ಸರ್ವರ್ ಡೊಮೇನ್ ಕಂಟ್ರೋಲರ್ (ನೆಟ್‌ವರ್ಕ್‌ನ ಎಲ್ಲ ಕಂಪ್ಯೂಟರ್‌ಗಳ ಲಾಗಿನ್ ನೋಡಿಕೊಳ್ಳುವ ಮಷಿನ್) ಆಗಿದ್ದರೆ ಆಟೋ ಲಾಗಿನ್ ಯೋಚನೆಯನ್ನೇ ಬಿಡಿ. ತೂಕಕ್ಕೆ ಬೇರೆ ಒಂದು ಸಣ್ಣ ಕಂಪ್ಯೂಟರ್ ಇಡಿ.

ಖಾತೆ ಯಾರದು?

ಬಹಳ ಕಡೆ ಅಡ್ಮಿನಿಸ್ಟ್ರೇಟರ್ ಖಾತೆಗೇ ಆಟೋ ಲಾಗಿನ್ ಹಾಕಿರುತ್ತಾರೆ. ಅದು ಸುಲಭ, ಎಲ್ಲವೂ ಓಡುತ್ತದೆ. ಆದರೆ ಆಫೀಸಿಗೆ ಬಂದ ಲಾರಿ ಕ್ಲೀನರ್ ಕೂಡ ಆ ಮೌಸ್ ಹಿಡಿದರೆ ಸರ್ವರ್‌ನ ಯಜಮಾನ ಆಗಿಬಿಡುತ್ತಾನೆ. ನನ್ನ ಪ್ರಕಾರ ಆಟೋ ಲಾಗಿನ್ ಕೆಲಸದ ಮುಕ್ಕಾಲು ಭಾಗ ಸರಿಯಾದ ಖಾತೆ ಮಾಡುವುದರಲ್ಲೇ ಇದೆ.

ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್‌ಗೆ ಹೋಗಿ. ಹೊಸ ಯೂಸರ್ ಮಾಡಿ. ನಾನು "ತೂಕ" ಎಂದೇ ಹೆಸರಿಡುತ್ತೇನೆ. ಉದ್ದನೆಯ ಪಾಸ್‌ವರ್ಡ್ ಕೊಡಿ, ಯಾರೂ ಅದನ್ನು ದಿನಾ ಹೊಡೆಯಬೇಕಾಗಿಲ್ಲವಲ್ಲ. "ಯೂಸರ್ ಮಸ್ಟ್ ಚೇಂಜ್ ಪಾಸ್‌ವರ್ಡ್" ಟಿಕ್ ತೆಗೆಯಿರಿ, "ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್" ಟಿಕ್ ಹಾಕಿ. ಈ ಎರಡನೇ ಟಿಕ್ ಮರೆತರೆ ವಿಂಡೋಸ್‌ನ ರೂಢಿಯಂತೆ 42 ದಿನಕ್ಕೆ ಪಾಸ್‌ವರ್ಡ್ ಅವಧಿ ಮುಗಿಯುತ್ತದೆ. ಆಮೇಲೆ ಕರೆಂಟ್ ಹೋದ ದಿನ ಆಟೋ ಲಾಗಿನ್ ನಿಂತಿರುತ್ತದೆ, ಅಷ್ಟು ದಿನ ಸರಿ ಇದ್ದದ್ದು ಈಗೇನಾಯಿತು ಎಂದು ಯಾರಿಗೂ ಹೊಳೆಯುವುದಿಲ್ಲ.

ಈ ಯೂಸರ್ ಬರೀ ಯೂಸರ್ಸ್ ಗುಂಪಿನಲ್ಲಿರಲಿ. ಆಗ ಹಳೆಯ ಪ್ರೋಗ್ರಾಂ "ಫೈಲ್ ಬರೆಯಲು ಆಗುತ್ತಿಲ್ಲ" ಎಂದು ತಕರಾರು ತೆಗೆಯಬಹುದು, ಏಕೆಂದರೆ ಇಂಥವು ತೂಕದ ಲೆಕ್ಕವನ್ನು ತಮ್ಮ ಫೋಲ್ಡರ್‌ನಲ್ಲೇ, ಒಂದು ಆಕ್ಸೆಸ್ (ಮೈಕ್ರೋಸಾಫ್ಟ್‌ನ ಸಣ್ಣ ಡೇಟಾಬೇಸ್) ಫೈಲ್‌ನಲ್ಲಿ ಇಟ್ಟುಕೊಳ್ಳುತ್ತವೆ. ಅದಕ್ಕೆ ಅಡ್ಮಿನ್ ಹಕ್ಕು ಕೊಡಬೇಡಿ. ಆ ಒಂದು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಸೆಕ್ಯುರಿಟಿ, ಎಡಿಟ್. ತೂಕ ಯೂಸರ್‌ಗೆ "ಮಾಡಿಫೈ" ಕೊಡಿ. ಸಾಮಾನ್ಯವಾಗಿ ಅಷ್ಟಕ್ಕೇ ಸುಮ್ಮನಾಗುತ್ತದೆ.

ಇನ್ನು ಲೋಕಲ್ ಸೆಕ್ಯುರಿಟಿ ಪಾಲಿಸಿ ತೆರೆಯಿರಿ. ಲೋಕಲ್ ಪಾಲಿಸೀಸ್ ಒಳಗೆ ಯೂಸರ್ ರೈಟ್ಸ್ ಅಸೈನ್‌ಮೆಂಟ್ ಇದೆ. ಅಲ್ಲಿ "ಡಿನೈ ಲಾಗ್ ಆನ್ ಥ್ರೂ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್" ಮತ್ತು "ಡಿನೈ ಆಕ್ಸೆಸ್ ಟು ದಿಸ್ ಕಂಪ್ಯೂಟರ್ ಫ್ರಮ್ ದ ನೆಟ್‌ವರ್ಕ್" ಎರಡರಲ್ಲೂ ತೂಕ ಯೂಸರ್ ಸೇರಿಸಿ. ಈಗ ಪಾಸ್‌ವರ್ಡ್ ಯಾರಿಗಾದರೂ ಸಿಕ್ಕರೂ ಹೊರಗಿನಿಂದ ಅದರಲ್ಲಿ ಒಳಗೆ ಬರಲಾಗುವುದಿಲ್ಲ. ಆ ಮಷಿನ್ ಮುಂದೆಯೇ ಬಂದು ಕೂರಬೇಕು.

ಆಟೋ ಲಾಗಿನ್ ಹಾಕುವುದು

ಇದಕ್ಕೆ ಮೈಕ್ರೋಸಾಫ್ಟ್‌ನದೇ ಒಂದು ಪುಟ್ಟ ಟೂಲ್ ಇದೆ, ಹೆಸರು ಆಟೋಲಾಗಾನ್. ಸಿಸ್‌ಇಂಟರ್ನಲ್ಸ್ ಎಂಬ ಟೂಲ್‌ಗಳ ಗುಂಪಿನದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರು ಮಾಡಿದ್ದನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಮೈಕ್ರೋಸಾಫ್ಟ್ ಸೈಟ್‌ನಿಂದಲೇ ಇಳಿಸಿಕೊಳ್ಳಿ, ಬೇರೆಲ್ಲೂ ಬೇಡ.

ಅಡ್ಮಿನ್ ಆಗಿ ಓಡಿಸಿದರೆ ಮೂರು ಖಾನೆ ಕಾಣುತ್ತವೆ: ಯೂಸರ್‌ನೇಮ್, ಡೊಮೇನ್, ಪಾಸ್‌ವರ್ಡ್. ಲೋಕಲ್ ಖಾತೆಯಾದ್ದರಿಂದ ಡೊಮೇನ್ ಜಾಗದಲ್ಲಿ ಆ ಕಂಪ್ಯೂಟರ್‌ನ ಹೆಸರೇ ಇರಬೇಕು. ಎನೇಬಲ್ ಒತ್ತಿ. ಆಯಿತು ಎಂದು ಹೇಳುತ್ತದೆ. ಆದರೆ ನಂಬಬೇಡಿ! ಈ ಟೂಲ್ ಪಾಸ್‌ವರ್ಡ್ ಸರಿಯಾ ತಪ್ಪಾ ಎಂದು ನೋಡುವುದೇ ಇಲ್ಲ. ತಪ್ಪು ಹೊಡೆದರೂ ಅದೇ ಉತ್ತರ. ಆದ್ದರಿಂದ ತೂಕ ಯೂಸರ್‌ನಲ್ಲಿ ಮೊದಲು ಒಮ್ಮೆ ಕೈಯಾರೆ ಲಾಗಿನ್ ಆಗಿ ನೋಡಿಕೊಂಡಿರಿ.

ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಡೀಫಾಲ್ಟ್‌ಪಾಸ್‌ವರ್ಡ್ ಬರೆದು ಮಾಡುವ ಹಳೆಯ ವಿಧಾನವನ್ನು ಈಗಲೂ ಬಹಳ ಜನ ಹೇಳಿಕೊಡುತ್ತಾರೆ. ಕೆಲಸ ಮಾಡುತ್ತದೆ, ನಿಜ. ಆದರೆ ಅಲ್ಲಿ ಪಾಸ್‌ವರ್ಡ್ ಬೆತ್ತಲೆಯಾಗಿ ಇರುತ್ತದೆ, ಸಾಧಾರಣ ಯೂಸರ್ ಕೂಡ ಓದಬಹುದು. ಆಟೋಲಾಗಾನ್ ಟೂಲ್ ಅದನ್ನು ಎನ್‌ಕ್ರಿಪ್ಟ್ ಮಾಡಿ ಬೇರೆ ಕಡೆ ಇಡುತ್ತದೆ. ಹಾಗಂತ ಅದು ಉಕ್ಕಿನ ತಿಜೋರಿಯೂ ಅಲ್ಲ, ಅಡ್ಮಿನ್ ಹಕ್ಕು ಇರುವವನು ಮನಸ್ಸು ಮಾಡಿದರೆ ತೆಗೆಯಬಲ್ಲ. ಅದಕ್ಕೇ ಹೆಚ್ಚು ಹಕ್ಕಿಲ್ಲದ ಖಾತೆ ಬೇಕು ಎಂದದ್ದು. ನಿಮ್ಮ ಮಷಿನ್‌ನಲ್ಲಿ ಯಾರೋ ಹಿಂದೆ ಹಳೆಯ ವಿಧಾನದಲ್ಲಿ ಮಾಡಿದ್ದರೆ, ರಿಜಿಸ್ಟ್ರಿಯಲ್ಲಿ ವಿನ್‌ಲಾಗಾನ್ ಕೀ (ಫೋಲ್ಡರ್‌ನಂಥದ್ದು) ಒಳಗಿನ ಡೀಫಾಲ್ಟ್‌ಪಾಸ್‌ವರ್ಡ್ ಸಾಲನ್ನು ಅಳಿಸಿ. ಅಲ್ಲೇ ಆಟೋಲಾಗಾನ್‌ಕೌಂಟ್ ಎಂಬುದು ಕಂಡರೆ ಅದನ್ನೂ ತೆಗೆಯಿರಿ. ಅದು ಪ್ರತಿ ಲಾಗಿನ್‌ಗೂ ಒಂದೊಂದು ಕಳೆಯುತ್ತಾ ಸೊನ್ನೆಗೆ ಬಂದಾಗ ಆಟೋ ಲಾಗಿನ್ ಅನ್ನೇ ನಿಲ್ಲಿಸುತ್ತದೆ.

ನಿಮಗೆ ಅಡ್ಮಿನ್ ಆಗಿ ಒಳಗೆ ಹೋಗಬೇಕಾದಾಗ ವಿಂಡೋಸ್ ಶುರುವಾಗುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಆ ಒಂದು ಸಲ ಆಟೋ ಲಾಗಿನ್ ಆಗುವುದಿಲ್ಲ.

ಲಾಗಿನ್ ಆದ ಮೇಲೆ

ಪ್ರೋಗ್ರಾಂ ತಾನಾಗಿ ಶುರುವಾಗಲು ಟಾಸ್ಕ್ ಶೆಡ್ಯೂಲರ್‌ನಲ್ಲಿ "ಅಟ್ ಲಾಗ್ ಆನ್" ಟಾಸ್ಕ್ ಮಾಡಿ, ತೂಕ ಯೂಸರ್‌ಗೆ ಮಾತ್ರ. ಒಂದು ನಿಮಿಷ ಡಿಲೇ ಕೊಡಿ. ಡೇಟಾಬೇಸ್ ಸರ್ವಿಸ್, ಕಾಟಾದಿಂದ ತೂಕ ತರುವ ಯುಎಸ್‌ಬಿ ಸೀರಿಯಲ್ ಕೇಬಲ್ ಎರಡೂ ಏಳುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತವೆ. ಆ ಕೇಬಲ್ ಬಗ್ಗೆ ಒಂದು ಮಾತು: ಕಸ ಗುಡಿಸುವಾಗ ಕಿತ್ತು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಕೊಟ್ಟ ಪೋರ್ಟ್ ನಂಬರ್ ಕಾಮ್ 3 ಇದ್ದದ್ದು ಕಾಮ್ 5 ಆಗಿಬಿಡಬಹುದು. ಪ್ರೋಗ್ರಾಂ ಮಾತ್ರ ಕಾಮ್ 3ನ್ನೇ ಹುಡುಕುತ್ತಿರುತ್ತದೆ. ತೂತಿನ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿ, "ಕಾಟಾ" ಎಂದು ಬರೆಯಿರಿ.

ಇನ್ನೊಂದು ಟಾಸ್ಕ್ ಪರದೆ ಲಾಕ್ ಮಾಡಲು. ಅದೂ "ಅಟ್ ಲಾಗ್ ಆನ್", ಡಿಲೇ ಎರಡು ನಿಮಿಷ. ಪ್ರೋಗ್ರಾಂ ಜಾಗದಲ್ಲಿ ರನ್‌ಡಿಎಲ್‌ಎಲ್32, ಆರ್ಗ್ಯುಮೆಂಟ್ ಜಾಗದಲ್ಲಿ ಯೂಸರ್32 ಡಾಟ್ ಡಿಎಲ್‌ಎಲ್, ಕಾಮಾ, ಲಾಕ್‌ವರ್ಕ್‌ಸ್ಟೇಷನ್. ಕೊನೆಯದರಲ್ಲಿ ಲಾಕ್, ವರ್ಕ್, ಸ್ಟೇಷನ್ ಮೂರೂ ಕೂಡಿಸಿ, ಮೂರರ ಮೊದಲ ಅಕ್ಷರವೂ ಕ್ಯಾಪಿಟಲ್. ಸಣ್ಣ ಅಕ್ಷರ ಹೊಡೆದರೆ ಲಾಕ್ ಆಗುವುದಿಲ್ಲ. ಲಾಕ್ ಆದ ಮೇಲೂ ಪ್ರೋಗ್ರಾಂ ಒಳಗೆ ಓಡುತ್ತಲೇ ಇರುತ್ತದೆ, ತೂಕ ಬರುತ್ತಲೇ ಇರುತ್ತದೆ.

ಒಂದು ಜಾತಿಯ ಪ್ರೋಗ್ರಾಂ ಬಿಟ್ಟು. ಕೆಲವು ಟೂಲ್‌ಗಳು ಸೀರಿಯಲ್ ಪೋರ್ಟ್‌ನಿಂದ ಬಂದ ತೂಕವನ್ನು ಕೀಬೋರ್ಡ್‌ನಲ್ಲಿ ಹೊಡೆದ ಹಾಗೆ ಎಕ್ಸೆಲ್ ಖಾನೆಗೆ ಟೈಪ್ ಮಾಡುತ್ತವೆ. ಪರದೆ ಲಾಕ್ ಆಗಿದ್ದರೆ ಆ ಟೈಪಿಂಗ್ ಎಕ್ಸೆಲ್‌ಗೆ ತಲುಪುವುದಿಲ್ಲ. ನಿಮ್ಮದು ಅಂಥದ್ದಾದರೆ ಲಾಕ್ ಟಾಸ್ಕ್ ಬಿಡಿ, ಬದಲಿಗೆ ಮಷಿನ್ ಇರುವ ಕೋಣೆಗೆ ಬೀಗ ಹಾಕಿ.

ತೂಕ ಯೂಸರ್ ಅನ್ನು ಸೈನ್ ಔಟ್ ಮಾಡಬೇಡಿ ಎಂದು ಮಿಲ್‌ನವರಿಗೆ ಹೇಳಿಡಿ. ಸೈನ್ ಔಟ್ ಮಾಡಿದರೆ ಪ್ರೋಗ್ರಾಂ ಸಾಯುತ್ತದೆ, ಮತ್ತೆ ತಾನಾಗಿ ಲಾಗಿನ್ ಆಗುವುದು ರೀಸ್ಟಾರ್ಟ್ ಆದಾಗಲೇ. ಕಂಪನಿ ಪಾಲಿಸಿಯಿಂದ ಲಾಗಿನ್‌ಗೆ ಮೊದಲು ಎಚ್ಚರಿಕೆಯ ನೋಟಿಸ್ ತೋರಿಸುವ ಸೆಟ್ಟಿಂಗ್ ಇದ್ದರೂ ಆಟೋ ಲಾಗಿನ್ ಅಲ್ಲೇ ನಿಲ್ಲುತ್ತದೆ, ಯಾರಾದರೂ ಓಕೆ ಒತ್ತಲೇಬೇಕು.

ಬಯಾಸ್ ಮತ್ತು ಯುಪಿಎಸ್

ಇಷ್ಟೆಲ್ಲ ಮಾಡಿ ಕರೆಂಟ್ ಬಂದಾಗ ಮಷಿನ್ ಆನ್ ಆಗದಿದ್ದರೆ? ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲೇ ಓಡುವ ಮಷಿನ್‌ನ ಮೂಲ ಸೆಟ್ಟಿಂಗ್) ಹೋಗಿ. ಕಂಪನಿಗೊಂದು ಹೆಸರು: "ರಿಸ್ಟೋರ್ ಆನ್ ಎಸಿ ಪವರ್ ಲಾಸ್", "ಎಸಿ ಪವರ್ ರಿಕವರಿ", "ಆಫ್ಟರ್ ಪವರ್ ಲಾಸ್". ಅದನ್ನು "ಪವರ್ ಆನ್" ಮಾಡಿ. "ಲಾಸ್ಟ್ ಸ್ಟೇಟ್" ಇಡಬೇಡಿ. ಬ್ಯಾಟರಿ ಮುಗಿಯುವ ಮೊದಲು ಯುಪಿಎಸ್ ಸಾಫ್ಟ್‌ವೇರ್ ಸರ್ವರ್ ಅನ್ನು ಶಟ್‌ಡೌನ್ ಮಾಡಿದ್ದರೆ ಕೊನೆಯ ಸ್ಥಿತಿ ಆಫ್ ಎಂದೇ ಆಗುತ್ತದೆ, ಅದು ಆಫ್ ಆಗಿಯೇ ಉಳಿಯುತ್ತದೆ.

"ಪವರ್ ಆನ್" ಇಟ್ಟರೂ ಒಂದು ಸಂದು ಉಳಿಯುತ್ತದೆ. ಸರ್ವರ್ ಶಟ್‌ಡೌನ್ ಆಯಿತು, ಆದರೆ ಯುಪಿಎಸ್ ಇನ್ನೂ ಕರೆಂಟ್ ಕೊಡುತ್ತಿರುವಾಗಲೇ ಲೈನ್ ಬಂದುಬಿಟ್ಟಿತು. ಸರ್ವರ್‌ಗೆ ಕರೆಂಟ್ ಹೋದದ್ದೇ ಗೊತ್ತಾಗಲಿಲ್ಲ, ಹಾಗಾಗಿ ಏಳುವುದೂ ಇಲ್ಲ. ಶಟ್‌ಡೌನ್ ಆದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ ಕತ್ತರಿಸುವ ಸೆಟ್ಟಿಂಗ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಬಯಾಸ್‌ನಲ್ಲೇ ಬೆಳಿಗ್ಗೆ ಐದೂವರೆಗೆ ಏಳುವ ಅಲಾರಂ ಇಡಿ. ಮಷಿನ್ ಆಗಲೇ ಆನ್ ಇದ್ದರೆ ಅದರಿಂದ ತೊಂದರೆ ಏನೂ ಇಲ್ಲ.

ಡಿಸ್ಕ್‌ಗೆ ಬಿಟ್‌ಲಾಕರ್ (ಡಿಸ್ಕ್ ಅನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಒಳ್ಳೆಯದೇ, ಮಷಿನ್ ಕದ್ದವನಿಗೆ ಡೇಟಾ ಸುಲಭಕ್ಕೆ ಸಿಗುವುದಿಲ್ಲ. ಆದರೆ ಪಿನ್ ಕೇಳುವ ಹಾಗೆ ಇಟ್ಟರೆ ಬೂಟ್ ಅಲ್ಲೇ ನಿಲ್ಲುತ್ತದೆ. ಪಿನ್ ಇಲ್ಲದೆ, ಮಷಿನ್‌ನಲ್ಲೇ ಬೀಗದ ಕೀ ಕಾಯುವ ಟಿಪಿಎಂ ಚಿಪ್ ಮೇಲೆ ಮಾತ್ರ ಓಡುವ ಹಾಗೆ ಇಡಿ.

ಪರೀಕ್ಷೆ

ರೀಸ್ಟಾರ್ಟ್ ಮಾಡಿ ನೋಡಿದರೆ ಸಾಲದು, ಅದರಲ್ಲಿ ಬಯಾಸ್ ಸೆಟ್ಟಿಂಗ್ ಪರೀಕ್ಷೆಯೇ ಆಗುವುದಿಲ್ಲ. ಲಾರಿ ಇಲ್ಲದ ಹೊತ್ತು ನೋಡಿ ಬ್ಯಾಕಪ್ ತೆಗೆದುಕೊಳ್ಳಿ. ಡೇಟಾಬೇಸ್ ಸರ್ವಿಸ್ ನಿಲ್ಲಿಸಿ. ಯುಪಿಎಸ್‌ನಿಂದ ಸರ್ವರ್‌ಗೆ ಹೋಗುವ ಲೈನ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಕೀಬೋರ್ಡ್ ಮುಟ್ಟಬೇಡಿ. ಲಾಕ್ ಪರದೆ ಬಂದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್‌ಗೆ ಹೋಗಿ, ವೇಬ್ರಿಡ್ಜ್ ಮೇಲೆ ಒಬ್ಬರನ್ನು ನಿಲ್ಲಿಸಿ. ಐದು ಅಥವಾ ಹತ್ತು ಕೆಜಿ ಲೆಕ್ಕದಲ್ಲಿ ಏರುವ ಕಾಟಾ ಆದರೂ ಅಂಕಿ ಅಲ್ಲಾಡುತ್ತದೆ. ಅಲ್ಲಾಡಿದರೆ ಸರಿ. ಆಮೇಲೆ ಅಡ್ಮಿನ್ ಪಾಸ್‌ವರ್ಡ್ ಮತ್ತು ತೂಕ ಯೂಸರ್‌ನ ಪಾಸ್‌ವರ್ಡ್ ಎರಡನ್ನೂ ಒಂದು ಕವರ್‌ನಲ್ಲಿ ಹಾಕಿ ಮಾಲೀಕರ ಬೀರುವಿನಲ್ಲಿ ಇಡಿಸಿ. ತೂಕ ಯೂಸರ್‌ನ ಪಾಸ್‌ವರ್ಡ್ ಬದಲಾಯಿಸಿದ ದಿನವೇ ಆಟೋಲಾಗಾನ್ ಟೂಲ್‌ನಲ್ಲೂ ಹೊಸದನ್ನು ಹಾಕಬೇಕು ಎಂದು ಆ ಕವರ್ ಮೇಲೆ ಬರೆದಿರಿ.