ವಿಟಿ ಅಕ್ಷರಗಳ ಬೆನ್ನು ಹತ್ತಿ

ವಿಮಾನ ನೋಡುವ ಹವ್ಯಾಸಕ್ಕೆ ಮೊದಲು ಬೇಕಾದದ್ದು ದೊಡ್ಡ ಲೆನ್ಸು ಅಂದುಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ ಮಾತು: ಮೊದಲು ಒಂದು ನೋಟ್‌ಬುಕ್ ಕೊಂಡುಕೊಳ್ಳಿ. ಪ್ರತಿ ವಿಮಾನದ ಮೈಮೇಲೆ, ಬಾಲದ ಹತ್ತಿರ, ಅದರ ರೆಜಿಸ್ಟ್ರೇಶನ್ ಬರೆದಿರುತ್ತದೆ. ನಮ್ಮ ದೇಶದ್ದು ‘ವಿಟಿ’ಯಿಂದ ಶುರು, ಅರಬ್ ಎಮಿರೇಟ್ಸಿನದು ‘ಎ6’, ಸಿಂಗಪುರದ್ದು ‘9ವಿ’, ಜರ್ಮನಿಯದು ‘ಡಿ’. ತಲೆಯ ಮೇಲೆ ಹಾದುಹೋಗುವಾಗ ಎಡ ರೆಕ್ಕೆಯ ಅಡಿಯಲ್ಲೂ ಓದಿಕೊಳ್ಳಬಹುದು. ತಾರೀಖು, ಹೊತ್ತು, ರೆಜಿಸ್ಟ್ರೇಶನ್, ಮಾದರಿ, ಇಳಿದ ರನ್‌ವೇ, ಗಾಳಿಯ ದಿಕ್ಕು. ನನ್ನ ಪುಸ್ತಕದಲ್ಲಿ ಇರುವುದು ಇಷ್ಟೇ ಕಾಲಂಗಳು.

ಇದನ್ನು ಬರೆಯುತ್ತಾ ಹೋದರೆ ಒಂದೊಂದು ವಿಮಾನವೂ ಬೇರೆಬೇರೆಯಾಗಿ ಕಾಣತೊಡಗುತ್ತದೆ. ಹೊರಗಿನವರಿಗೆ ‘ಏರ್ ಇಂಡಿಯಾ ಬಂತು’, ನಮಗೆ ಯಾವುದು ಬಂತು ಅನ್ನುವುದೇ ಮುಖ್ಯ. ವಿಟಿ-ಟಿಎನ್ ಅಂತ ಶುರುವಾದರೆ ಅದು ವಿಸ್ತಾರ ವಿಮಾನ ಸಂಸ್ಥೆಯಲ್ಲಿದ್ದ ಏರ್‌ಬಸ್ ಎ320 ನಿಯೋ. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಬಣ್ಣ ಹೋದರೂ ಅಕ್ಷರ ಉಳಿಯಿತು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅದರ ಎಷ್ಟೋ ಬೋಯಿಂಗ್ 737ಗಳು ಸ್ಪೈಸ್‌ಜೆಟ್ಟಿಗೆ ಹೋದವು. ಏರ್ ಇಂಡಿಯಾದ ಮೊದಲ ಎ350ಗಳನ್ನು ಕಟ್ಟಿದ್ದು ರಷ್ಯಾದ ಏರೋಫ್ಲಾಟಿಗೆ. ಯುದ್ಧ, ನಿರ್ಬಂಧಗಳ ನಂತರ ಅವು ಇತ್ತ ಬಂದು ವಿಟಿ-ಜೆಆರ್ ಅಕ್ಷರ ಹೊತ್ತವು. ದೇಶ ಬದಲಾದರೆ ರೆಜಿಸ್ಟ್ರೇಶನ್ ಬದಲಾಗುತ್ತದೆ, ಕಾರ್ಖಾನೆ ಕೊಟ್ಟ ಸೀರಿಯಲ್ ನಂಬರ್ ಮಾತ್ರ ಕೊನೆತನಕ ಅದೇ. ಹಳೆಯ ಪುಟ ತಿರುವಿ, ‘ಓ, ಇದನ್ನು ಬೇರೆ ಬಣ್ಣದಲ್ಲಿ ನೋಡಿದ್ದೆ’ ಅಂತ ಗುರುತು ಹಿಡಿದಾಗ ಆಗುವ ಸಂತೋಷಕ್ಕಾಗಿಯೇ ನಾನು ಇಷ್ಟು ವರ್ಷ ದೇವನಹಳ್ಳಿ ದಾರಿ ಹಿಡಿದಿರುವುದು.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಗಾಳಿ ತೀರ್ಮಾನಿಸುತ್ತದೆ. ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ ಪಶ್ಚಿಮವಾಗಿವೆ. ಎರಡನೆಯದು ಬಳಕೆಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮಳೆಗಾಲದಲ್ಲಿ ಪಡುವಣ ಗಾಳಿ, ಆದ್ದರಿಂದ ಪೂರ್ವದ ಹಳ್ಳಿಗಳ ಮೇಲಿಂದ ಬಂದು ಪಶ್ಚಿಮಕ್ಕೆ ಮುಖಮಾಡಿ ಇಳಿಯುತ್ತವೆ. ಅದು ‘ಟೂ ಸೆವೆನ್’, ದಿಕ್ಸೂಚಿಯ 270 ಡಿಗ್ರಿಯಿಂದ ಬಂದ ರನ್‌ವೇ ನಂಬರ್. ಚಳಿಗಾಲದಲ್ಲಿ ಮೂಡಣ ಗಾಳಿ, ‘ಝೀರೋ ನೈನ್’, ಎಲ್ಲ ತಿರುಗುಮುರುಗು. ಬೆಳಕನ್ನೂ ಇದರ ಜೊತೆಗೇ ಲೆಕ್ಕ ಹಾಕಬೇಕು. ಚಳಿಗಾಲದ ಬೆಳಿಗ್ಗೆ ಪಶ್ಚಿಮದ ತುದಿಯಲ್ಲಿ ನಿಂತರೆ ಇಳಿಯುವ ವಿಮಾನದ ಮೂಗಿನ ಮೇಲೆ ನೇರ ಎಳೆಬಿಸಿಲು ಬೀಳುತ್ತದೆ. ಮಳೆಗಾಲದಲ್ಲಿ ಅದೇ ಬೆಳಕು ಬೇಕಿದ್ದರೆ ಸಂಜೆ ಹೋಗಬೇಕು, ಪೂರ್ವದ ತುದಿಗೆ. ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಾನು ರನ್‌ವೇಯ ದಕ್ಷಿಣದ ಬದಿ, ಬಾಗಲೂರಿನ ಕಡೆಯ ಊರ ರಸ್ತೆಗಳನ್ನು ಹಿಡಿಯುತ್ತೇನೆ. ಆ ಕಡೆಯಿಂದ ತೆಗೆದರೆ, ಆಕಾಶ ತಿಳಿಯಾಗಿದ್ದ ದಿನ, ಚಿತ್ರದ ಹಿನ್ನೆಲೆಯಲ್ಲಿ ನಂದಿಬೆಟ್ಟವೂ ಸಿಗುತ್ತದೆ. ಹತ್ತೂವರೆ ಹನ್ನೊಂದರ ಮೇಲೆ ಕಾಂಕ್ರೀಟಿನಿಂದ ಝಳ ಏಳುತ್ತದೆ, ಎಂಥ ಲೆನ್ಸಿದ್ದರೂ ಚಿತ್ರ ಅಲುಗಾಡಿದಂತೆ ಬರುತ್ತದೆ. ಆಗ ಕ್ಯಾಮೆರಾ ಚೀಲಕ್ಕೆ ಹಾಕಿ ಬರವಣಿಗೆ ಮುಂದುವರಿಸುತ್ತೇನೆ.

ಜೆಟ್‌ಗಳಿಗೆ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಡುತ್ತೇನೆ. ಪ್ರೊಪೆಲರಿನ ಚಿಕ್ಕ ವಿಮಾನ ಎಟಿಆರ್ ಬಂದರೆ ಇನ್ನೂರೈವತ್ತಕ್ಕೋ ಇನ್ನೂ ಕೆಳಕ್ಕೋ ಇಳಿಸಬೇಕು, ಇಲ್ಲವಾದರೆ ಪ್ರೊಪೆಲರ್ ನಿಂತುಹೋದಂತೆ ಕಾಣುತ್ತದೆ. ಕ್ಯಾಮೆರಾ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ದೂರದಿಂದಲೇ ಗುರುತು ಹಿಡಿಯುವುದನ್ನು ನಾನು ಕಲಿತದ್ದು ಮಾತಿನಿಂದ. ಫೋನಿನ ಟ್ರ್ಯಾಕಿಂಗ್ ಆ್ಯಪ್ ಎಲ್ಲ ತೋರಿಸುತ್ತದೆ, ನಿಜ. ಆದರೆ ಪಕ್ಕದಲ್ಲಿ ನಿಂತವನು ‘ಆ್ಯಪ್ ಮುಚ್ಚು ಗುರು, ಈಗ ಹೇಳು’ ಅಂತ ಪಟ್ಟು ಹಿಡಿದಾಗಲೇ ಕಣ್ಣು ಪಳಗುವುದು. 737ರ ಹೊಟ್ಟೆ ನೋಡಿ: ಚಕ್ರ ಒಳಗೆ ಹೋದ ಮೇಲೂ ಅದರ ಮೇಲೆ ಮುಚ್ಚಳವಿಲ್ಲ, ಎರಡು ಕಪ್ಪು ವೃತ್ತಗಳು ಕಾಣುತ್ತವೆ. ಎ320ರಲ್ಲಿ ಅದು ಪೂರ್ತಿ ಮುಚ್ಚಿರುತ್ತದೆ. 787ರ ರೆಕ್ಕೆ ಮೇಲಕ್ಕೆ ಬಾಗಿರುತ್ತದೆ, ಎಂಜಿನ್ನಿನ ಹಿಂದಿನ ಅಂಚು ಹಲ್ಲುಹಲ್ಲಾಗಿದೆ. 777ಕ್ಕೆ ಒಂದೊಂದು ಪಕ್ಕದಲ್ಲಿ ಆರಾರು ಚಕ್ರ. ಎ350ರ ಮುಂಗಿಟಕಿಗಳ ಸುತ್ತ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ. 2022ರ ಅಕ್ಟೋಬರಿನಿಂದ ದುಬೈನಿಂದ ಬರತೊಡಗಿದ ಎಮಿರೇಟ್ಸ್ ಎ380ಯನ್ನು ಯಾರಿಗೂ ಪರಿಚಯಿಸಬೇಕಿಲ್ಲ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 80 ಮೀಟರ್. ರಾಗಿ ಹೊಲದಲ್ಲಿ ಕೆಲಸ ಮಾಡುತ್ತಿದ್ದವರೂ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ.

ರಸ್ತೆಬದಿಯ ಆ ಹರಟೆಯೇ ನನಗೆ ಅರ್ಧ ಹವ್ಯಾಸ. ‘ವಿಂಡ್ ತಿರುಗಿತು, ಟೂ ಸೆವೆನ್ ಮಾಡಿದ್ದಾರೆ, ಆ ಕಡೆ ಬಾ’ ಅಂತ ಫೋನು ಬರುತ್ತದೆ. ಯಾರೋ ಗೋ-ಅರೌಂಡ್, ಅಂದರೆ ಇಳಿಯಲು ಬಂದ ವಿಮಾನ ಇಳಿಯದೆ ಮತ್ತೆ ಮೇಲೇರಿದ್ದು, ಯಾಕಾಯಿತು ಅಂತ ಚರ್ಚೆ ಎಬ್ಬಿಸುತ್ತಾರೆ. ಹಿರಿಯರೊಬ್ಬರು ಸಿಕ್ಕರೆ ಮಾತು ದೇವನಹಳ್ಳಿ ನಿಲ್ದಾಣ ಶುರುವಾದ 2008ರ ಮೇಗೆ ಮುಂಚಿನ ಎಚ್‌ಎಎಲ್ ನಿಲ್ದಾಣದ ಕಾಲಕ್ಕೆ ಹೋಗುತ್ತದೆ. ಮತ್ತೆ ಮತ್ತೆ ಬರುವ ಹೆಸರು ವಿಟಿ-ಎಎಲ್‌ಜಿ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ದಾರಿಯಲ್ಲಿ ಎಲ್ಲೂ ನಿಲ್ಲದೆ ಬೆಂಗಳೂರಿಗೆ ತಂದಿಳಿಸಿದ 777-200ಎಲ್‌ಆರ್ ಅದು. ನಮ್ಮ ಗುಂಪಿಗೆ ಬರುವ ಹೆಣ್ಣುಮಕ್ಕಳು ಆ ಅಕ್ಷರಗಳನ್ನು ತಮ್ಮ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುವುದನ್ನು ನೋಡಿದ್ದೇನೆ.

ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 2001ರಲ್ಲಿ ಗ್ರೀಸಿನ ಕಲಮಾಟದ ವಾಯುನೆಲೆಯಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸಿನ ಹವ್ಯಾಸಿಗಳನ್ನು ಬಂಧಿಸಿ, ಗೂಢಚಾರಿಕೆಯ ಮೊಕದ್ದಮೆ ಹಾಕಿದರು. ವಿಮಾನಗಳ ನಂಬರ್ ಬರೆದುಕೊಳ್ಳುವುದೂ ಹವ್ಯಾಸ ಅನ್ನುವುದು ಅಲ್ಲಿನ ಅಧಿಕಾರಿಗಳಿಗೆ ಅರ್ಥವಾಗಲಿಲ್ಲ. ಮೇಲ್ಮನವಿಯಲ್ಲಿ ಬಿಡುಗಡೆ ಸಿಕ್ಕಿದ್ದು ಮರುವರ್ಷ. ಆದ್ದರಿಂದ ನಾನು ಸಾರ್ವಜನಿಕ ರಸ್ತೆ ಬಿಟ್ಟು ಕದಲುವುದಿಲ್ಲ, ಬೇಲಿಯ ಹತ್ತಿರ ಹೋಗುವುದಿಲ್ಲ, ಡ್ರೋನ್ ಮುಟ್ಟುವುದಿಲ್ಲ. ಪೈಲಟ್‌ಗಳ ಜೊತೆ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಆಡುವ ಮಾತು ಕೇಳುವ ರೇಡಿಯೊಗೆ ನಮ್ಮಲ್ಲಿ ಪರವಾನಗಿ ಬೇಕು, ಅದನ್ನು ಇಟ್ಟುಕೊಂಡಿಲ್ಲ. ಗಸ್ತಿನ ಜೀಪು ಕಂಡರೆ ನಾನೇ ಮುಂದೆ ಹೋಗಿ ನಮಸ್ಕಾರ ಹೇಳಿ, ಗುರುತಿನ ಚೀಟಿ, ಪುಸ್ತಕ ಎರಡನ್ನೂ ತೋರಿಸುತ್ತೇನೆ. ‘ಹೋಗಿ ಸಾರ್, ಇಲ್ಲಿ ನಿಲ್ಲಬೇಡಿ’ ಅಂದರೆ ಮರುಮಾತಿಲ್ಲದೆ ಹೊರಡುತ್ತೇನೆ. ಹೊಲದ ಪಕ್ಕ ನಿಲ್ಲುವ ಮುನ್ನ ಹೊಲದವರನ್ನು ಕೇಳುತ್ತೇನೆ. ಹೂವಿನ ತೋಟ, ದ್ರಾಕ್ಷಿ ಚಪ್ಪರ ಅವರ ಬದುಕು.

ಎಚ್‌ಎಎಲ್ ಮತ್ತು ಯಲಹಂಕ ವಾಯುನೆಲೆಯ ಕಡೆ ಕ್ಯಾಮೆರಾ ಎತ್ತುವುದೇ ಇಲ್ಲ. ತೇಜಸ್ ಗುಡುಗುತ್ತಾ ಹೋದರೂ ಕಣ್ಣಲ್ಲೇ ನೋಡಿ ಖುಷಿಪಡುತ್ತೇನೆ. ಆ ಆಸೆಗೆಲ್ಲ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಸಾರ್ವಜನಿಕ ದಿನಗಳಿವೆ. 2025ರ ಫೆಬ್ರವರಿಯಲ್ಲಿ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಯಲಹಂಕಕ್ಕೆ ಬಂದಿದ್ದವು. ಯಾವುದು ಚೆನ್ನಾಗಿತ್ತು ಅನ್ನುವ ವಾದ ನಮ್ಮ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ, ನನ್ನ ಮತ ಸುಖೋಯ್‌ಗೆ.